‘ಸರ್, ಯಾವ ಪೌಡರ್ ತಗೊಳ್ಳಲಿ?’

ದಾವಣಗೆರೆಯಲ್ಲಿ ಜಿಮ್ ಶುರುಮಾಡಿ ಹನ್ನೊಂದು ವರ್ಷವಾಯಿತು. ಹೊಸದಾಗಿ ಸೇರಿದ ಹುಡುಗರು ಫೀಸು ಕಟ್ಟಿ, ಬೂಟು ಬದಲಿಸಿ, ಮೊದಲು ಕೇಳುವ ಪ್ರಶ್ನೆ ಬಹುತೇಕ ಇದೇ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ವಾಟ್ಸಾಪ್‌ನಲ್ಲಿ ಡಬ್ಬಿಯ ಫೋಟೊ ಕಳಿಸಿ ‘ಇದು ಓಕೆನಾ ಸರ್?’ ಅಂತಲೂ ಕೇಳುತ್ತಾರೆ. ಅವರ ತಾಯಂದಿರು ಕೇಳುವುದು ಇದನ್ನೇ ತಿರುಗಿಸಿ: ‘ಆ ಪೌಡರ್ ತಿಂದ್ರೆ ಕಿಡ್ನಿ ಹೋಗುತ್ತಂತಲ್ಲಪ್ಪ?’ ನಿಂತಲ್ಲೇ ಎರಡು ಮಾತು ಹೇಳಿ ಕಳಿಸಿದಾಗಲೆಲ್ಲ ಅರ್ಧ ಹೇಳಿದಂತೆ ಅನಿಸಿದೆ. ಈಗ ಪೂರ್ತಿ ಬರೆಯುತ್ತೇನೆ.

ಪೌಡರ್ ಕೇಳಿದವನಿಗೆ ನಾನು ಕೊಡುವುದು ಇನ್ನೂರು ಪುಟದ ಒಂದು ನೋಟ್‌ಬುಕ್. ಎಡ ಪುಟದಲ್ಲಿ ಆ ದಿನ ತಿಂದದ್ದು ಬರೆಯಬೇಕು, ಬಲ ಪುಟದಲ್ಲಿ ಆ ದಿನ ಎತ್ತಿದ್ದು. ಎರಡು ವಾರ ಬಿಡದೆ ಬರೆದುಕೊಂಡು ಬಂದರೆ ಆಮೇಲೆ ಡಬ್ಬಿಯ ಮಾತು. ಪೌಡರ್ ಇರುವುದು ಕೊರತೆ ತುಂಬಲಿಕ್ಕೆ. ಕೊರತೆ ಎಷ್ಟು, ಎಲ್ಲಿ ಅಂತ ಗೊತ್ತಿಲ್ಲದೆ ಏನನ್ನು ತುಂಬುವುದು?

ಹೋದ ವರ್ಷ ಸೇರಿದ ಒಬ್ಬ ಹುಡುಗನ ಪುಸ್ತಕದ ಬಗ್ಗೆ ಹೇಳುತ್ತೇನೆ. ಡಿಪ್ಲೊಮಾ ಓದುತ್ತಿದ್ದ, ತೂಕ 58 ಕೆ.ಜಿ. ಮನೆಯೊಳಗೆ ಮೊಟ್ಟೆ ಕೂಡ ಬರುವಂತಿಲ್ಲ. ಎಡ ಪುಟದಲ್ಲಿ ಹೀಗಿತ್ತು: ‘ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಟೀ. ಮಧ್ಯಾಹ್ನ ಅನ್ನ, ಸಾರು. ಸಂಜೆ ಮಿರ್ಚಿ, ಖಾರ ಮಂಡಕ್ಕಿ. ರಾತ್ರಿ 2 ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ ಮಜ್ಜಿಗೆ. ಮಲಗೋ ಮುಂಚೆ ಹಾಲು.’ ಹೊಟ್ಟೆ ತುಂಬುವ ಊಟವೇ. ಇಬ್ಬರೂ ಬೆಂಚಿನ ಮೇಲೆ ಕೂತು ಪ್ರೋಟೀನ್ ಲೆಕ್ಕ ಹಾಕಿದೆವು. ಎಷ್ಟು ಎಳೆದರೂ 45 ಗ್ರಾಂ ದಾಟಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ, ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ. ಅದು ಸಾಮಾನ್ಯ ಆರೋಗ್ಯವಂತರಿಗೆ. ಈ ಹುಡುಗನಿಗೆ ಅದೇ 48 ಗ್ರಾಂ ಆಗುತ್ತದೆ, ಅಷ್ಟೂ ಅವನ ಹೊಟ್ಟೆಗೆ ಹೋಗುತ್ತಿರಲಿಲ್ಲ. ಭಾರ ಎತ್ತಿ ಸ್ನಾಯು ಬೆಳೆಸಬೇಕೆನ್ನುವವರಿಗೆ ಕೆ.ಜಿ.ಗೆ ಸುಮಾರು 1.6 ಗ್ರಾಂ ಬೇಕು. 2.2 ದಾಟಿದ ಮೇಲೆ ಎಷ್ಟು ತಿಂದರೂ ಲಾಭ ಕಾಣುವುದಿಲ್ಲ. ಅವನಿಗೆ ಬೇಕಾದದ್ದು 93. ಕೊರತೆ 48 ಗ್ರಾಂ.

ಮರುದಿನ ಅವನ ತಾಯಿ ಬಂದರು. ‘ದಿನಾ ಬೇಳೆ ಸಾರು ಮಾಡ್ತೀನಲ್ಲ ಸರ್, ಬೇಳೆಯಲ್ಲಿ ಪ್ರೋಟೀನ್ ಇಲ್ವಾ?’ ಇದೆ. 100 ಗ್ರಾಂ ತೊಗರಿಬೇಳೆಯಲ್ಲಿ 22 ಗ್ರಾಂ ಇದೆ. ಎಷ್ಟು ಬೇಳೆ ಹಾಕುತ್ತೀರಿ ಅಂದೆ. ಅಂಗೈ ಬಟ್ಟಲು ಮಾಡಿ ತೋರಿಸಿದರು: ಐದು ಜನಕ್ಕೆ ಎರಡು ಹಿಡಿ. ಅದರಲ್ಲೂ ಬೇಳೆ ತಳದಲ್ಲಿ ಕೂತಿರುತ್ತದೆ, ಮಗನ ಅನ್ನಕ್ಕೆ ಬೀಳುವುದು ಮೇಲಿನ ತಿಳಿ. ಅಷ್ಟು ಅಕ್ಕರೆಯಿಂದ ಅಡುಗೆ ಮಾಡುವ ತಾಯಿಗೆ ಇದನ್ನು ಹೇಳುವಾಗ ನನಗೂ ಸಂಕಟವಾಯಿತು. ಆದರೆ ಹೇಳಲೇಬೇಕಿತ್ತು. ನಮ್ಮ ಕಡೆ ‘ಬೇಳೆ ತಿಂತೀವಿ’ ಅನ್ನುವ ಎಷ್ಟೋ ಮನೆಗಳಲ್ಲಿ ನಿಜಕ್ಕೂ ತಿನ್ನುವುದು ಬೇಳೆಯ ನೀರು.

ಅವರೇ ಕೂತು ದಾರಿ ಹುಡುಕಿದರು. ಸೋಯಾ ಚಂಕ್ಸ್ 50 ಗ್ರಾಂ ನೆನೆಸಿ ಹಿಂಡಿ ಪಲ್ಯ ಮಾಡಿದರೆ 26 ಗ್ರಾಂ. ಬೆಳಿಗ್ಗೆ ಇನ್ನೊಂದು ದೊಡ್ಡ ಲೋಟ ಹಾಲು, 8. ಮೊಳಕೆ ಹೆಸರುಕಾಳು ಗಟ್ಟಿಯಾಗಿ ಒಂದು ಬಟ್ಟಲು, 8. ಸಂಜೆಯ ಮಂಡಕ್ಕಿಗೆ ಒಂದು ಹಿಡಿ ಹುರಿಗಡಲೆ, 6. ಮಿರ್ಚಿ ಬಿಡಿಸಲು ನಾನು ಹೋಗಲಿಲ್ಲ; ದಾವಣಗೆರೆಯ ಹುಡುಗನಿಗೆ ಮಿರ್ಚಿ ಮಂಡಕ್ಕಿ ಬಿಡು ಅಂದರೆ ಜಿಮ್ಮನ್ನೇ ಬಿಡುತ್ತಾನೆ. ಒಟ್ಟು 48. ಒಂದು ಡಬ್ಬಿಯೂ ತೆರೆಯದೆ ಕೊರತೆ ಮುಚ್ಚಿತು.

ಹಾಗಂತ ವೇ ಪೌಡರ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಹಾಲು ಒಡೆಸಿ ಪನೀರ್ ಮಾಡಿದಾಗ ಬಟ್ಟೆಯಿಂದ ಹಳದಿ-ಹಸಿರು ತಿಳಿನೀರು ಇಳಿಯುತ್ತದಲ್ಲ, ಚೀಸ್ ಮಾಡುವ ಕಾರ್ಖಾನೆಯಲ್ಲಿ ಇಳಿಯುವ ಅಂಥದೇ ನೀರನ್ನು ಸೋಸಿ ಒಣಗಿಸಿದ ಪುಡಿ ವೇ. ಹಾಲಿನ ಪ್ರೋಟೀನಿನಲ್ಲಿ ಐದನೇ ಒಂದು ಭಾಗ ಅದೇ. ಅದು ಆಹಾರ, ಔಷಧವಲ್ಲ, ವಿಷವೂ ಅಲ್ಲ. ಕಿಡ್ನಿ ಆರೋಗ್ಯವಾಗಿರುವವರಿಗೆ ಈ ಪ್ರಮಾಣದ ಪ್ರೋಟೀನಿನಿಂದ ಕಿಡ್ನಿ ಹಾಳಾಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಕಿಡ್ನಿ ತೊಂದರೆ ಈಗಾಗಲೇ ಇದ್ದವರ ಮಾತು ಬೇರೆ. ಸಕ್ಕರೆ ಕಾಯಿಲೆ, ಬಿಪಿ ಇರುವವರು ಮೊದಲು ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರನ್ನು ಕೇಳಬೇಕು. 2024ರ ಆಹಾರ ಮಾರ್ಗಸೂಚಿಯಲ್ಲಿ ಅದೇ ಪೋಷಣಾ ಸಂಸ್ಥೆ, ಮೈಕಟ್ಟು ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದೇ ಹೇಳಿತು. ನಾನು ಅಷ್ಟು ಬಿಗಿಯಾಗಿ ಹೇಳುವುದಿಲ್ಲ, ಆದರೆ ಮೊದಲು ತಟ್ಟೆ ನೋಡಿ ಅನ್ನುವ ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ.

ಕೊಳ್ಳಲೇಬೇಕಾದರೆ ಡಬ್ಬಿಯ ಮುಂದೆ ಇರುವ ತೋಳಿನ ಚಿತ್ರ ಬಿಟ್ಟು ಹಿಂದೆ ತಿರುಗಿಸಿ. ಡಬ್ಬಿಯೊಳಗೇ ಬರುವ ಅಳತೆ ಚಮಚ ಒಂದಕ್ಕೆ 33 ಗ್ರಾಂ ಇದ್ದು ಅದರಲ್ಲಿ 24 ಗ್ರಾಂ ಪ್ರೋಟೀನ್ ಇದ್ದರೆ ಸರಿ. ಸಾಮಗ್ರಿಗಳ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್ ಅಂತ ಬೇರೆಯಾಗಿ ಸೇರಿಸಿದ್ದರೆ ಕೆಳಗಿಡಿ. ಲ್ಯಾಬಿನಲ್ಲಿ ಪ್ರೋಟೀನ್ ಅಳೆಯುವ ಸಾಮಾನ್ಯ ವಿಧಾನ ಸಾರಜನಕ ಅಳೆಯುವುದು. ಅಗ್ಗದ ಈ ಪುಡಿಗಳಲ್ಲೂ ಸಾರಜನಕ ಇರುವುದರಿಂದ ಅಂಕಿ ಏರುತ್ತದೆ, ನಿಮಗೆ ಸಿಗುವ ಪ್ರೋಟೀನ್ ಏರುವುದಿಲ್ಲ. ಕುಡಿದು ಹೊಟ್ಟೆ ಉಬ್ಬರಿಸಿದರೆ ಅದಕ್ಕೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಕಾರಣ ಇರಬಹುದು, ಇನ್ನಷ್ಟು ಸೋಸಿದ ವೇ ಆದ ಐಸೊಲೇಟ್‌ನಲ್ಲಿ ಅದು ಕಡಿಮೆ. ಮಾಸ್ ಗೇನರ್ ಅನ್ನುವ ದೊಡ್ಡ ಚೀಲದಲ್ಲಿ ಬಹುಪಾಲು ಮಾಲ್ಟೊಡೆಕ್ಸ್‌ಟ್ರಿನ್, ಅಂದರೆ ಪಿಷ್ಟದಿಂದ ಮಾಡಿದ ಪುಡಿ. ಅದರ ಬದಲು ಬಾಳೆಹಣ್ಣು, ಶೇಂಗಾ, ಹಾಲು ಸಾಕು.

ಇನ್ನು ಬಲ ಪುಟ. ಹುಡುಗರು ಕಡೆಗಣಿಸುವುದು ಇದನ್ನೇ, ಮೈ ಬದಲಾಗುವುದೂ ಇದರಿಂದಲೇ.

ಬೆಂಚಿನ ಮೇಲೆ ಮಲಗಿ ಎದೆಯಿಂದ ಬಾರ್ ತಳ್ಳುವ ವ್ಯಾಯಾಮಕ್ಕೆ ಅವನು ಮೊದಲ ದಿನ ಬರೆದ ಸಾಲು: ‘ಬೆಂಚ್ 40.’ ಅಷ್ಟೇ. ಎಷ್ಟು ಸಲ ಎತ್ತಿದ, ಎಷ್ಟು ಸೆಟ್ (ನಿಲ್ಲಿಸದೆ ಎತ್ತುವ ಒಂದು ಸುತ್ತು), ಏನೂ ಇಲ್ಲ. ಆ 40ರಲ್ಲಿ ಅರ್ಧ ಎತ್ತಿದ್ದು ತಲೆಯ ಹತ್ತಿರ ನಿಂತಿದ್ದ ಗೆಳೆಯ. ಬಾರ್ ಎದೆಗೆ ತಾಗಿರಲೇ ಇಲ್ಲ. ಪ್ಲೇಟ್ ತೆಗೆಸಿ, 20 ಕೆ.ಜಿ. ಬಾರ್‌ಗೆ ಎರಡೂ ಕಡೆ 5 ಹಾಕಿಸಿದೆ. ನಿಧಾನವಾಗಿ ಎದೆಗೆ ಇಳಿಸು, ತಾಗಿಸು, ತಳ್ಳು. ಆ ದಿನ ಅವನೇ ಬರೆದದ್ದು: ‘30 ಕೆ.ಜಿ. – 8, 8, 6.’ ಮುಖ ಸಪ್ಪಗಾಯಿತು. ನನ್ನ ನಿಯಮ ಒಂದೇ: ಮೂರೂ ಸೆಟ್ಟಿನಲ್ಲಿ ಯಾರ ಕೈಯೂ ತಾಗದೆ ಹತ್ತು ಹತ್ತು ಆಗುವ ತನಕ ತೂಕ ಏರಿಸುವಂತಿಲ್ಲ. ಆದ ದಿನ ಎರಡೂ ಕಡೆ 1.25ರ ಪುಟ್ಟ ಪ್ಲೇಟ್. ಆಗ ಎಣಿಕೆ ಮತ್ತೆ 8, 8, 7ಕ್ಕೆ ಇಳಿಯುತ್ತದೆ, ಮತ್ತೆ ಹತ್ತಕ್ಕೆ ಹತ್ತಬೇಕು.

ಎರಡನೇ ಮಹಾಯುದ್ಧದ ಕಾಲದಲ್ಲಿ ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೇನಾ ವೈದ್ಯರು, ಗಾಯಗೊಂಡು ಮೊಣಕಾಲಿನ ಶಕ್ತಿ ಕಳೆದುಕೊಂಡ ಸೈನಿಕರಿಗೆ ಹೀಗೇ ಹಂತಹಂತವಾಗಿ ಭಾರ ಏರಿಸಿ ಚಿಕಿತ್ಸೆ ಕೊಟ್ಟು, 1945ರಲ್ಲಿ ಆ ವಿಧಾನವನ್ನು ಪ್ರಕಟಿಸಿದರು. ನಮ್ಮೂರ ಗರಡಿ ಮನೆಗಳಿಗೆ ಈ ತತ್ವ ಹೊಸದಲ್ಲ. ನಾನು ಮೊದಲು ಸಾಮು ಕಲಿತದ್ದು ಗರಡಿಯಲ್ಲೇ. ಈ ವಾರ ಐವತ್ತು ಬಸ್ಕಿ ಹೊಡೆದರೆ ಮುಂದಿನ ವಾರ ಅರವತ್ತು. ಉಸ್ತಾದರು ಎಣಿಸುತ್ತಾ ನಿಲ್ಲುತ್ತಿದ್ದರು, ಅರ್ಧ ಕೂತು ಎದ್ದದ್ದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ದೇಹಕ್ಕೆ ನಿನ್ನೆಗಿಂತ ಇವತ್ತು ಚೂರು ಹೆಚ್ಚು ಕೇಳಿದರೆ ಮಾತ್ರ ಅದು ಬೆಳೆಯುತ್ತದೆ. ಅಷ್ಟೇ ಕೇಳುತ್ತಿದ್ದರೆ ಅಷ್ಟರಲ್ಲೇ ಇರುತ್ತದೆ.

ಸೋಮವಾರ ಸಂಜೆ ಯಾವ ಜಿಮ್ಮಿಗೆ ಹೋದರೂ ಬೆಂಚಿಗೆ ಸರದಿ ಇರುತ್ತದೆ, ಭಾರ ಹೊತ್ತು ಕೂತು ಏಳುವ ಸ್ಕ್ವಾಟ್ ರ‍್ಯಾಕ್ ಖಾಲಿ. ಸೋಮವಾರ ಎದೆ, ಮಂಗಳವಾರ ಬೆನ್ನು ಅಂತ ವಾರಕ್ಕೊಂದು ಸಲ ಒಂದೊಂದು ಭಾಗ ದಣಿಸುವ ರೂಢಿ ಹೊಸಬರಿಗೆ ಒಳ್ಳೆಯದಲ್ಲ. ವಾರಕ್ಕೆ ಮೂರು ದಿನ ಬನ್ನಿ, ಮೂರೂ ದಿನ ಇಡೀ ಮೈಗೆ ಕೆಲಸ ಕೊಡಿ: ಒಂದು ಸ್ಕ್ವಾಟ್, ಒಂದು ತಳ್ಳುವುದು, ಒಂದು ಎಳೆಯುವುದು, ಸೊಂಟದಿಂದ ಬಾಗಿ ಎತ್ತುವುದು ಒಂದು. ಪ್ರತಿ ಭಾಗಕ್ಕೆ ವಾರಕ್ಕೆ ಹತ್ತು ಸೆಟ್ಟಿನ ಆಸುಪಾಸು ಸಾಕು. ಸೆಟ್ಟಿಗೆ ಆರು ಸಲ ಆಗಲಿ ಇಪ್ಪತ್ತಾಗಲಿ, ಕೊನೆಯ ಒಂದೆರಡು ನಿಜಕ್ಕೂ ಕಷ್ಟವಾಗಬೇಕು.

ಕ್ರಿಯೇಟಿನ್ ಬಗ್ಗೆ ಕೇಳುವವರೂ ಬಹಳ. ಡಬ್ಬಿಗಳ ಸಾಲಿನಲ್ಲಿ ಕೆಲಸ ಮಾಡುತ್ತದೆ ಅಂತ ನಾನು ಧೈರ್ಯವಾಗಿ ಹೇಳುವುದು ಇದೊಂದೇ. ಭಾರ ಎತ್ತುವ ಮೊದಲ ಕೆಲವು ಸೆಕೆಂಡುಗಳಲ್ಲಿ ಸ್ನಾಯು ಸುಡುವ ಇಂಧನ ಎಟಿಪಿ. ಖರ್ಚಾದ ಎಟಿಪಿಯನ್ನು ತಕ್ಷಣ ಮತ್ತೆ ಕಟ್ಟಿಕೊಡುವುದು ಸ್ನಾಯುವಿನಲ್ಲಿ ಕೂಡಿಟ್ಟ ಕ್ರಿಯೇಟಿನ್. ದೇಹ ತಾನೇ ಸ್ವಲ್ಪ ತಯಾರಿಸುತ್ತದೆ, ಮಾಂಸ-ಮೀನಿನಿಂದ ಸ್ವಲ್ಪ ಸಿಗುತ್ತದೆ. ಆದ್ದರಿಂದ ಸಸ್ಯಾಹಾರಿಗಳಲ್ಲಿ ಈ ದಾಸ್ತಾನು ಕಡಿಮೆ, ತೆಗೆದುಕೊಂಡಾಗ ಲಾಭ ಹೆಚ್ಚು ಕಾಣುವುದೂ ಅವರಲ್ಲೇ. ದಿನಕ್ಕೆ 3ರಿಂದ 5 ಗ್ರಾಂ ಕ್ರಿಯೇಟಿನ್ ಮೊನೊಹೈಡ್ರೇಟ್, ಯಾವ ಹೊತ್ತಿಗಾದರೂ ಸರಿ. ಅಗ್ಗದ್ದೇ ಸಾಕು. ಮೊದಲ ವಾರಗಳಲ್ಲಿ ಒಂದು ಕೆ.ಜಿ.ಯಷ್ಟು ತೂಕ ಏರಿದರೆ ಅದು ಸ್ನಾಯುವಿನೊಳಗಿನ ನೀರು. ರಕ್ತ ಪರೀಕ್ಷೆಯಲ್ಲಿ ಕಿಡ್ನಿಯ ಸ್ಥಿತಿ ತಿಳಿಯಲು ನೋಡುವ ಕ್ರಿಯಾಟಿನಿನ್ ಅಂಕಿ ತುಸು ಏರಿ ಕಾಣಬಹುದು, ಡಾಕ್ಟರಿಗೆ ಇದನ್ನು ತೆಗೆದುಕೊಳ್ಳುತ್ತಿದ್ದೇನೆ ಅಂತ ಮೊದಲೇ ಹೇಳಿ. ಹೈಸ್ಕೂಲು ಮಕ್ಕಳಿಗೆ ನಾನು ಕೊಡಿಸುವುದಿಲ್ಲ.

ಪ್ರೀ-ವರ್ಕ್‌ಔಟ್ (ವ್ಯಾಯಾಮಕ್ಕೆ ಮುಂಚೆ ಕಲಸಿ ಕುಡಿಯುವ ಪುಡಿ) ಕುಡಿದ ಹುಡುಗ ಕೆನ್ನೆ, ಕಿವಿ ತುರಿಸಿಕೊಳ್ಳುತ್ತಾ ‘ಏರ್ತಾ ಇದೆ ಸರ್’ ಅನ್ನುತ್ತಾನೆ. ಏರಿದ್ದು ಶಕ್ತಿಯಲ್ಲ. ಅದರಲ್ಲಿರುವ ಬೀಟಾ-ಅಲನೈನ್ ಚರ್ಮದ ನರಗಳನ್ನು ಜುಮ್ಮೆನಿಸುತ್ತದೆ, ಅಷ್ಟೇ. ಉಳಿದ ಕೆಲಸ ಕೆಫೀನಿನದು. ಒಂದು ಚಮಚದಲ್ಲಿ 200-300 ಮಿ.ಗ್ರಾಂ ಇರುವುದುಂಟು. ಸಂಜೆ ಏಳಕ್ಕೆ ಕುಡಿದರೆ ನಡುರಾತ್ರಿಗೂ ಅದರಲ್ಲಿ ಅರ್ಧದಷ್ಟು ರಕ್ತದಲ್ಲಿರುತ್ತದೆ. ನಿದ್ದೆಗೆಟ್ಟರೆ ಮರುದಿನ ಬಾರ್ ಭಾರವಾಗುತ್ತದೆ, ಆಗ ಎರಡು ಚಮಚ. ಹುರುಪು ಬೇಕಾದರೆ ಒಂದು ಲೋಟ ಫಿಲ್ಟರ್ ಕಾಫಿ ಕುಡಿದು ಬನ್ನಿ. ಪ್ರೋಟೀನ್ ಸಾಕಷ್ಟು ತಿನ್ನುವವನಿಗೆ ಬಿಸಿಎಎ (ಪ್ರೋಟೀನಿನೊಳಗಿನ ಮೂರು ಅಮೈನೊ ಆಮ್ಲಗಳ ಪುಡಿ) ಬೇಡ. ಕೊಬ್ಬು ಕರಗಿಸುತ್ತದೆ ಅನ್ನುವ ಫ್ಯಾಟ್ ಬರ್ನರ್, ಪುರುಷ ಹಾರ್ಮೋನು ಏರಿಸುತ್ತದೆ ಅನ್ನುವ ಟೆಸ್ಟೊ ಬೂಸ್ಟರ್‌ಗೆ ಹಣ ಹಾಕಬೇಡಿ.

ಕೊನೆಗೆ, ಮೆಲ್ಲಗೆ ಬಂದು ಕಿವಿಯಲ್ಲಿ ಕೇಳುವ ಪ್ರಶ್ನೆ: ‘ಸರ್, ಒಂದು ಕೋರ್ಸ್ ಮಾಡ್ಲಾ?’ ಸ್ಟೀರಾಯ್ಡ್ ಇಂಜೆಕ್ಷನ್ನಿಗೆ ಕೋರ್ಸ್ ಅಂತ ಹೆಸರು, ಏನೋ ಓದು ಇದ್ದ ಹಾಗೆ. ಹೊರಗಿನಿಂದ ಟೆಸ್ಟೊಸ್ಟೆರಾನ್ ಎಂಬ ಪುರುಷ ಹಾರ್ಮೋನು ಬಂದಾಗ ಮಿದುಳು, ಇದು ಬೇಕಾದಷ್ಟಿದೆ ಅಂತ ತಿಳಿದು ವೃಷಣಗಳಿಗೆ ಕೊಡುವ ಆಜ್ಞೆ ನಿಲ್ಲಿಸುತ್ತದೆ. ಅವು ಕುಗ್ಗುತ್ತವೆ, ವೀರ್ಯಾಣು ತಯಾರಿ ನಿಲ್ಲುತ್ತದೆ. ಹೃದಯದ ಗೋಡೆ ದಪ್ಪವಾಗುತ್ತದೆ, ಒಳ್ಳೆಯ ಕೊಲೆಸ್ಟೆರಾಲ್ ಬೀಳುತ್ತದೆ, ಮಾತ್ರೆ ರೂಪದ್ದಾದರೆ ಲಿವರ್‌ಗೂ ಪೆಟ್ಟು. ನನ್ನ ಜೊತೆ ಸಾಮು ಮಾಡುತ್ತಿದ್ದ ಗೆಳೆಯನೊಬ್ಬ ಮೂರು ವರ್ಷ ಇದನ್ನು ಚುಚ್ಚಿಕೊಂಡ. ಮದುವೆಯಾಗಿ ಮಕ್ಕಳಾಗಲಿಲ್ಲ ಅಂತ ಪರೀಕ್ಷೆ ಮಾಡಿಸಿದರೆ ವೀರ್ಯಾಣು ಸಂಖ್ಯೆ ಸೊನ್ನೆ. ರಿಪೋರ್ಟ್ ಹಿಡಿದು ಜಿಮ್ಮಿನ ಮೆಟ್ಟಿಲ ಮೇಲೆ ಕೂತಿದ್ದ, ಒಳಗೆ ಬರಲಿಲ್ಲ. ನನ್ನ ಜಿಮ್ಮಿನಲ್ಲಿ ಸಿರಿಂಜು ಕಂಡರೆ ಆ ಕ್ಷಣವೇ ಫೀಸು ವಾಪಸು ಕೊಟ್ಟು ಕಳಿಸುತ್ತೇನೆ. ಕಳಿಸುವ ಮುಂಚೆ ಒಂದು ಗಂಟೆ ಕೂರಿಸಿ ಮಾತಾಡುತ್ತೇನೆ.

ಆ ಡಿಪ್ಲೊಮಾ ಹುಡುಗ ಹದಿನಾಲ್ಕನೇ ವಾರ ‘45 ಕೆ.ಜಿ. – 10, 9, 8’ ಅಂತ ಬರೆದ. ಸ್ಕ್ವಾಟ್ 60. ಅಂಗಿಯ ಭುಜ ಬಿಗಿಯಾಗಿ ತಾಯಿ ಹೊಸ ಅಂಗಿ ಕೊಡಿಸಿದರು. ಆಮೇಲೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಪೀಣ್ಯದ ಕಡೆ ಪಿಜಿ ಸೇರಿದ. ಹೋದ ತಿಂಗಳು ಫೋನ್ ಮಾಡಿದ್ದ. ‘ಸರ್, ಈಗ ತೂಕ 62. ಇಲ್ಲಿ ಪಿಜಿ ಊಟದಲ್ಲಿ 55 ಗ್ರಾಂ ಅಷ್ಟೇ ಆಗ್ತಿದೆ. ರೂಮಲ್ಲಿ ಹಾಲು, ಹುರಿಗಡಲೆ ಸೇರಿಸಿದ್ರೆ 75. ಇನ್ನೂ 25 ಬೇಕು. ಅಡುಗೆ ಮಾಡೋಕೆ ಬಿಡಲ್ಲ.’

ಯಾವ ಪೌಡರ್ ಅಂತ ಅವನು ಕೇಳಲಿಲ್ಲ. ನಾನೇ ಹೇಳಿದೆ: ಒಂದು ಕೆ.ಜಿ. ಸಾಮಾನ್ಯ ವೇ, ಅಂದರೆ ಕಾನ್ಸಂಟ್ರೇಟ್, ತಗೋ, ಹಿಂದಿನ ಪಟ್ಟಿ ನೋಡಿ. ಬೆಳಿಗ್ಗೆ ಒಂದು ಚಮಚ. ತಿಂಗಳಿಗೆ ಸರಿಯಾಗುತ್ತೆ.