ಮಳೆ ಪುಸ್ತಕದ ನಾಲ್ಕನೆಯ ಕಾಲಂ

ನಮ್ಮ ಮನೆಯ ಅಂಗಳದ ಮೂಲೆಯಲ್ಲಿ, ಮರದ ಹನಿ ಬೀಳದ ಕಡೆ, ಒಂದು ಮಳೆಮಾಪಕವಿದೆ. ಮೂಡಿಗೆರೆಯ ಸುತ್ತಮುತ್ತ ಕಾಫಿ ಬೆಳೆಯುವ ಮನೆಗಳಲ್ಲಿ ಅದು ಒಲೆ, ಹಂಡೆಗಳಷ್ಟೇ ಸಹಜವಾದ ವಸ್ತು. ಬೆಳಿಗ್ಗೆ ಎದ್ದವರು ಅದರೊಳಗಿನ ನೀರನ್ನು ಅಳತೆಯ ಗಾಜಿಗೆ ಸುರಿದು ನೋಡುತ್ತಾರೆ. ನೆಂಟರ ಫೋನು ಬಂದರೆ ಕುಶಲ ವಿಚಾರಿಸುವ ಮೊದಲೇ "ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?" ಎಂದು ಕೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಅಮ್ಮ ಈ ಲೆಕ್ಕವನ್ನು ಉದ್ದನೆಯ ರಟ್ಟಿನ ಪುಸ್ತಕಗಳಲ್ಲಿ 26 ವರ್ಷ ತಪ್ಪದೆ ಬರೆದಿಟ್ಟಳು. ತಾರೀಖು, ಮಳೆಯ ನಕ್ಷತ್ರ, ಸೆಂಟ್ ಎಂದು ಮೂರು ಕಾಲಂ. ನಾಲ್ಕನೆಯದಕ್ಕೆ "ವಿಶೇಷ" ಎಂಬ ತಲೆಬರಹ. ಆ ಕಾಲಮಿನಲ್ಲಿ "ಬಿಳಿ ಡೇರೆ ಮೊಗ್ಗು", "ಹಿತ್ತಲಿನ ಹಲಸು ಬಿತ್ತು", "ಗೌರಿ ಕರು ಹಾಕಿತು" ಎಂಬಂತಹ ಮೂರು ನಾಲ್ಕು ಪದಗಳ ಸುದ್ದಿ ಇರುತ್ತಿತ್ತು, ಅಷ್ಟೆ.

2021ರ ಪುಷ್ಯ ಮಳೆಯಲ್ಲಿ ಅಮ್ಮ ತೀರಿಕೊಂಡಳು. ಅದು ಜುಲೈ ಕೊನೆಯ ವಾರ. ರಸ್ತೆಯಿಂದ ಮನೆಗೆ ಬರುವ ದಾರಿಯೆಲ್ಲ ಕೆಸರಾಗಿ, ಬಂದವರು ಕೊಡೆ ಮಡಚಿ ಜಗುಲಿಯ ಮೇಲೆ ಒತ್ತೊತ್ತಾಗಿ ನಿಂತಿದ್ದರು. ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಒಂದು ಬೆಳಿಗ್ಗೆ ನೋಡಿದರೆ ಮಳೆಮಾಪಕ ತುಂಬಿ ಹೊರಚೆಲ್ಲುತ್ತಿತ್ತು. ಹದಿಮೂರು ದಿನ ಯಾರೂ ಅದರ ಕಡೆ ಹೋಗಿರಲಿಲ್ಲ. ಪುಸ್ತಕ ತೆಗೆದಾಗ ಅಮ್ಮನ ಕೊನೆಯ ಸಾಲಿನ ಕೆಳಗೆ ಬರೀ ಗೆರೆಗಳು ಕಂಡವು. ಆ ಹದಿಮೂರು ದಿನಗಳ ಮಳೆಯ ಲೆಕ್ಕ ಇನ್ನು ಯಾವತ್ತೂ ಸಿಗುವುದಿಲ್ಲ ಎಂಬ ಸಂಗತಿ ನನಗೇಕೆ ಅಷ್ಟು ಸಂಕಟ ತಂದಿತೋ ಹೇಳಲಾರೆ. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು. ನೀರು ಚೆಲ್ಲಿ, ಮಾಪಕವನ್ನು ಒರೆಸಿ ಅದರ ಜಾಗದಲ್ಲಿಟ್ಟೆ. ಮರುದಿನ "ಆಶ್ಲೇಷ, 210 ಸೆಂಟ್" ಎಂದು ಬರೆದೆ.

ನಾಲ್ಕನೆಯ ಕಾಲಮಿಗೆ ಬಂದಾಗ ಕೈ ನಿಂತಿತು. ವಿಶೇಷವೆಂದು ಬರೆಯಲು ನನ್ನಲ್ಲಿ ಒಂದು ಪದವೂ ಇರಲಿಲ್ಲ. ಹಾಸನದಲ್ಲಿ ಓದುತ್ತಿದ್ದ ಕಾಲದಲ್ಲಿ ಎರಡು ವರ್ಷ ಭಾನುವಾರಗಳಂದು ಜಲವರ್ಣ ಕಲಿತಿದ್ದೆ. ಮುಂದೆ ಬೆಂಗಳೂರಿನ ಕೆಲಸ, ಸಂಸಾರಗಳ ನಡುವೆ ಅದು ಎಲ್ಲೋ ಮರೆಯಾಗಿತ್ತಾದರೂ ಹಳೆಯ ಬಣ್ಣದ ಪೆಟ್ಟಿಗೆ ಟ್ರಂಕಿನಲ್ಲಿ ಹಾಗೆಯೇ ಉಳಿದಿತ್ತು. ಅದನ್ನು ತೆಗೆದು, ಕಿಟಕಿಯಿಂದ ಕಾಣುವ ಎದುರು ಗುಡ್ಡದ ಬಣ್ಣವನ್ನು ಆ ಕಾಲಮಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೆ ಬಳಿದೆ. ಗುಡ್ಡ ಹಸಿರು ಎಂದು ನಂಬಿ ಕುಂಚವನ್ನು ಹಸಿರಿಗೆ ಅದ್ದಿದ್ದೆ. ಆದರೆ ನಿಜವಾಗಿ ನೋಡಿದಾಗ ಆ ದಿನ ಅಲ್ಲಿ ಹಸಿರೇ ಇರಲಿಲ್ಲ. ಅಲ್ಟ್ರಾಮರೀನ್ ನೀಲಿಗೆ ಸ್ವಲ್ಪವೇ ಬರ್ನ್ಟ್ ಸಿಯೆನಾ ಬೆರೆಸಿದಾಗ ಹುಟ್ಟುವ ಬೂದು ಬಣ್ಣವೇ ಗುಡ್ಡದ ಬಣ್ಣವಾಗಿತ್ತು. ಅದನ್ನು ಸರಿಯಾಗಿ ಹೊಂದಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಆ ಇಪ್ಪತ್ತು ನಿಮಿಷ ನಾನು ಬೇರೆ ಏನನ್ನೂ ಯೋಚಿಸಿರಲಿಲ್ಲ ಎಂಬುದು ಕುಂಚ ತೊಳೆಯುವಾಗ ಅರಿವಿಗೆ ಬಂತು.

ಅಂದಿನಿಂದ ಪ್ರತಿ ಮಳೆ ನಕ್ಷತ್ರಕ್ಕೆ ಒಂದು ಚೌಕ ಎಂಬ ಕ್ರಮ ಬೆಳೆಯಿತು. ಒಂದೊಂದು ನಕ್ಷತ್ರ ಹದಿಮೂರು ಹದಿನಾಲ್ಕು ದಿನ ಇರುವುದರಿಂದ ವರ್ಷಕ್ಕೆ 27 ಚೌಕಗಳಾಗುತ್ತವೆ. ಹಿರಿಯರು ಈ ಮಳೆಗಳಿಗೆಲ್ಲ ಒಂದೊಂದು ಗುಣ ಹೇಳಿಟ್ಟಿದ್ದಾರೆ. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಎಂಬ ಮಾತನ್ನು ಅಮ್ಮ ಪ್ರತಿ ಜೂನಿನಲ್ಲೂ ಆಡುತ್ತಿದ್ದಳು. ಗಾದೆ ಹೇಳುವುದು ಬೆಳೆಯ ಮಾತನ್ನು. ಚೌಕಗಳನ್ನು ಸಾಲಾಗಿ ಇಟ್ಟು ನೋಡಿದರೆ ಬಣ್ಣಕ್ಕೂ ಅಂಥದೇ ಒಂದು ನಡಿಗೆ ಇರುವುದು ಕಾಣುತ್ತದೆ. ಮೃಗಶಿರದ ಹಸಿರಿನಲ್ಲಿ ಹಳದಿ ಹೆಚ್ಚು, ಏಕೆಂದರೆ ಆಗಿನ್ನೂ ಎಲ್ಲವೂ ಚಿಗುರು. ಪುನರ್ವಸುವಿನ ಹೊತ್ತಿಗೆ ಕಲ್ಲು, ಹೆಂಚು, ಮರದ ಕಾಂಡಗಳ ಮೇಲೆಲ್ಲ ಪಾಚಿ ಹಬ್ಬಿ, ಹಸಿರು ಎಲೆಯಿಂದ ನೆಲಕ್ಕೆ ಇಳಿದಂತೆ ತೋರುತ್ತದೆ. ಪುಷ್ಯ, ಆಶ್ಲೇಷಗಳಲ್ಲಿ ಮಂಜು ಮುಚ್ಚಿ ಗುಡ್ಡ ದಿನಗಟ್ಟಲೆ ಕಾಣುವುದೇ ಇಲ್ಲ. ಹಸ್ತದ ಬೆಳಕು ಮಾತ್ರ ಬೇರೆಯೇ. ತೊಳೆದಿಟ್ಟ ಪಾತ್ರೆಯಂತೆ ಎಲ್ಲವೂ ಹೊಳೆಯುತ್ತ, ಎದುರು ಗುಡ್ಡದ ಒಂದೊಂದು ಸಿಲ್ವರ್ ಓಕ್ ಮರವನ್ನೂ ಬೆರಳಿಟ್ಟು ಎಣಿಸಬಹುದು.

ಮಂಜನ್ನು ಬಿಡಿಸುವುದು ನನಗೆ ಬಹಳ ದಿನ ಒಲಿಯಲಿಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವೆಂಕಟಪ್ಪ ಚಿತ್ರಶಾಲೆಯಲ್ಲಿ ಹಿಂದೊಮ್ಮೆ ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ಚಿತ್ರಗಳ ಮುಂದೆ ಬಹಳ ಹೊತ್ತು ನಿಂತಿದ್ದೆ. ಮೈಸೂರಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಬಳಿ ಕಲಿತು ಬಂದ ಅವರು ಗುಡ್ಡ, ಮೋಡ, ಬೆಳಕುಗಳನ್ನು ಎಷ್ಟು ತಾಳ್ಮೆಯಿಂದ ನೋಡಿರಬೇಕೆಂಬುದು ಆ ಚಿಕ್ಕ ಚಿತ್ರಗಳಲ್ಲಿ ತಿಳಿಯುತ್ತದೆ. ಅಂದು ಮೆಚ್ಚಿ ಮರಳಿದ್ದೆ, ಅಷ್ಟೆ. ಇಲ್ಲಿ ಮಳೆಗಾಲದಲ್ಲಿ ಒದ್ದೆ ಕಾಗದದ ಮುಂದೆ ಕುಳಿತಾಗ, ಮಂಜಿಗೆ ಬೇರೆ ಬಣ್ಣವಿಲ್ಲ, ಗುಡ್ಡದ ಬಣ್ಣ ಎಲ್ಲಿ ನಿಲ್ಲಬೇಕೆಂದು ತಿಳಿದರೆ ಉಳಿದ ಕಾಗದವೇ ಮಂಜಾಗುತ್ತದೆ ಎಂಬುದು ಕೈಗೆ ಹತ್ತಿತು.

ಮಳೆಗಾಲದಲ್ಲಿ ಚಿತ್ರ ಬರೆಯುವವರಿಗೆ ಕಾಗದವೇ ದೊಡ್ಡ ಚಿಂತೆ. ಬೇಸಿಗೆಯಲ್ಲಿ ಐದು ನಿಮಿಷಕ್ಕೆ ಒಣಗುವ ಪದರ ಆಶ್ಲೇಷದಲ್ಲಿ ಅರ್ಧ ದಿನವಾದರೂ ತಣ್ಣಗೆ ಬೆರಳಿಗೆ ಹತ್ತುತ್ತದೆ. ಮೊದಲ ವರ್ಷ ದೊಡ್ಡ ಹಾಳೆಗಳಲ್ಲಿ ಬರೆದ ಹನ್ನೊಂದು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಬೀರುವಿನಲ್ಲಿಟ್ಟಿದ್ದೆ. ಹುಬ್ಬೆ ಮಳೆಯಲ್ಲಿ ತೆಗೆದಾಗ ಅಷ್ಟಕ್ಕೂ ಬೂಷ್ಟು ಹಿಡಿದು, ಆಕಾಶದ ತುಂಬ ಕಪ್ಪು ಚುಕ್ಕೆಗಳಾಗಿದ್ದವು. ಮನೆಗೆಲಸಕ್ಕೆ ಬರುವ ಅಕ್ಕ ಅದನ್ನು ನೋಡಿ, "ನಿಮ್ಮವ್ವ ಗೆಡ್ಡೆ ಎಲ್ಲಿ ಇಡ್ತಿದ್ರು, ಅಲ್ಲೇ ಇಡ್ರಿ" ಎಂದರು. ಬಚ್ಚಲ ಹಂಡೆ ಒಲೆಯ ಮೇಲಿನ ಅಟ್ಟದಲ್ಲಿ ಅಮ್ಮ ಡೇರೆ, ಅಂದರೆ ಡೇಲಿಯಾ ಹೂವಿನ, ಗೆಡ್ಡೆಗಳನ್ನು ಇಡುತ್ತಿದ್ದಳು. ಒಲೆಯ ಶಾಖ ಮೆಲ್ಲಗೆ ಏರುವುದರಿಂದ ಅಲ್ಲಿ ಥಂಡಿ ನಿಲ್ಲುವುದಿಲ್ಲ. ಈಗ ನನ್ನ ಚಿತ್ರಗಳು ಅಟ್ಟದ ಒಂದು ಬದಿಯಲ್ಲಿ, ಗೆಡ್ಡೆಯ ಬುಟ್ಟಿಗಳು ಇನ್ನೊಂದು ಬದಿಯಲ್ಲಿ ಇರುತ್ತವೆ. ಚಿತ್ರಗಳಿಗೆ ತುಸು ಹೊಗೆಯ ವಾಸನೆ ಅಂಟಿದೆ. ಅದು ನನಗೆ ಇಷ್ಟವೇ.

ಡೇರೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕು. ಮೆಕ್ಸಿಕೋದ ಬೆಟ್ಟನಾಡಿನ ಈ ಗಿಡ ಮಲೆನಾಡಿನಲ್ಲಿ ಮನೆಮಗಳಂತೆ ಬೆಳೆದುಬಿಟ್ಟಿದೆ. ಇಲ್ಲಿ ಇದನ್ನು ಹಣ ಕೊಟ್ಟು ತರುವವರು ಕಡಿಮೆ. ಅತ್ತಿಗೆಯ ತವರಿನಿಂದ ಒಂದು, ಚಿಕ್ಕಮ್ಮನ ಮನೆಯಿಂದ ಒಂದು, ಮದುವೆಗೆ ಹೋದಾಗ ಯಾರದೋ ಅಂಗಳದಲ್ಲಿ ಕಂಡು ಕೇಳಿದ ಒಂದು, ಹೀಗೆ ಗೆಡ್ಡೆಗಳು ಸೆರಗಿನ ಗಂಟಿನಲ್ಲಿ ಊರಿಂದೂರಿಗೆ ನಡೆಯುತ್ತವೆ. ಅಮ್ಮನ ಬಳಿ ಹತ್ತೊಂಬತ್ತು ಬಗೆಗಳಿದ್ದವು. ಅವಳು ಹೋದ ಮರುವರ್ಷ ನಾನು ನೆಟ್ಟ ಗೆಡ್ಡೆಗಳಲ್ಲಿ ಹನ್ನೆರಡು ಚಿಗುರಲೇ ಇಲ್ಲ. ದಪ್ಪ ದಪ್ಪ ಗೆಡ್ಡೆಗಳನ್ನು ಆರಿಸಿ, ಗೊಂಚಲಿನಿಂದ ಮುರಿದು ಒಂದೊಂದಾಗಿ ನೆಟ್ಟಿದ್ದೆ. ಡೇರೆಯ ಕಣ್ಣು ಆಲೂಗಡ್ಡೆಯಂತೆ ಮೈತುಂಬ ಇರುವುದಿಲ್ಲ. ಕಾಂಡ ಸೇರುವ ಕತ್ತಿನ ಜಾಗದಲ್ಲಿ ಮಾತ್ರ, ಸಾಸಿವೆ ಕಾಳಿನಷ್ಟು ಚಿಕ್ಕ ಗುಳ್ಳೆಯಂತೆ ಇರುತ್ತದೆ. ಕತ್ತಿಲ್ಲದೆ ಮುರಿದ ಗೆಡ್ಡೆ ಎಷ್ಟೇ ದಪ್ಪವಿರಲಿ, ಮಣ್ಣಿನಲ್ಲಿ ಕರಗಿ ಹೋಗುವುದೇ ಅದರ ಗತಿ. ಪಕ್ಕದ ಮನೆಯ ಅತ್ತಿಗೆ ಒಂದು ಗೊಂಚಲನ್ನು ನನ್ನ ಕೈಯಲ್ಲಿಟ್ಟು, ಹಳೆಯ ಕಾಂಡದ ತುಂಡು ಸಮೇತ ಚಾಕುವಿನಿಂದ ಸೀಳುವುದನ್ನು ತೋರಿಸಿಕೊಟ್ಟರು.

ಅಮ್ಮನ ಇನ್ನೊಂದು ಅಭ್ಯಾಸದ ಅರ್ಥವೂ ಆಗಲೇ ತಿಳಿಯಿತು. ಹೂ ಮುಗಿದ ಮೇಲೆ ಗಿಡ ಕತ್ತರಿಸಿ, ಉಳಿದ ಮೋಟಿನ ಮೇಲೆ ಅವಳು ತೆಂಗಿನ ಕರಟ ಕವುಚಿಡುತ್ತಿದ್ದಳು. ಅದು ದೃಷ್ಟಿಗೆ ಇರಬೇಕೆಂದು ನಾನು ಚಿಕ್ಕಂದಿನಿಂದ ತಿಳಿದಿದ್ದೆ. ಡೇರೆಯ ಕಾಂಡ ಒಳಗೆ ಟೊಳ್ಳು. ಕತ್ತರಿಸಿದ ಬಾಯಿಯಿಂದ ಚಿತ್ತೆ, ಸ್ವಾತಿಯ ಮಳೆನೀರು ನೇರವಾಗಿ ಗೆಡ್ಡೆಯ ಕತ್ತಿಗೆ ಇಳಿದು ಕೊಳೆಸುತ್ತದೆ. ಇಷ್ಟನ್ನೂ ಅವಳು ಯಾರಿಗೂ ವಿವರಿಸಿ ಹೇಳಿದವಳಲ್ಲ. ಕರಟ ಹುಡುಕಿ ತರುವ ಕೆಲಸವನ್ನಷ್ಟೇ ನಮಗೆ ಹೇಳುತ್ತಿದ್ದಳು.

ಉಳಿದ ಏಳು ಬಗೆಗಳಲ್ಲಿ ದೊಡ್ಡ ಬಿಳಿ ಡೇರೆ ಒಂದು. ಮಣ್ಣು ಏರಿಸಿ ದಿಬ್ಬ ಮಾಡಿ, ಕೊಟ್ಟಿಗೆ ಗೊಬ್ಬರಕ್ಕೆ ದರಗು ಬೆರೆಸಿ ಹಾಕಿ, ಕಾಫಿ ಗಿಡ ಸವರಿದಾಗ ಸಿಕ್ಕ ಕೋಲುಗಳನ್ನು ಊರಿ ಕಟ್ಟಿ, ಪಕ್ಕದ ಮೊಗ್ಗುಗಳನ್ನು ಚಿವುಟಿ ನಡುವಿನದನ್ನು ಬಿಟ್ಟೆ. ಗೌರಿ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಅದು ಅರಳಿತು. ಸೂರಿನ ಕೆಳಗೆ ಮಣೆ ಹಾಕಿಕೊಂಡು ಎರಡು ದಿನ ಅದನ್ನೇ ಬಿಡಿಸಿದೆ. ಹೂವಿನ ನಡುವೆ ಇನ್ನೂ ಬಿಚ್ಚದ ಎಸಳುಗಳು ಎಳೆ ಸೌತೆಯ ತಿರುಳಿನಂತೆ ತಿಳಿಹಸಿರಾಗಿದ್ದವು. ಹೊರಗಿನ ಎಸಳುಗಳ ಬುಡದಲ್ಲಿ ನೆರಳು ನೇರಳೆಯಾಗಿಯೂ, ಮೋಡ ಸರಿದಾಗ ನೀಲಿಯಾಗಿಯೂ ಕಾಣುತ್ತಿತ್ತು. ಹಿಂಭಾಗಕ್ಕೆ ಮಡಚಿದ ಕೊನೆಯ ಸಾಲಿನ ಎಸಳುಗಳಲ್ಲಿ ಆಗಲೇ ಕಂದು ಅಂಚು ಮೂಡಿತ್ತು. ಅಪ್ಪಟ ಬಿಳಿ ಎನ್ನಬಹುದಾದದ್ದು ಹೂವಿನ ಎಡಮಗ್ಗುಲಲ್ಲಿ ಎರಡೇ ಎಸಳುಗಳ ತುದಿಯಲ್ಲಿತ್ತು. ಇದೇ ಹೂವನ್ನು ನಾನು ಬಾಲ್ಯದಿಂದ ದೇವರ ಪಟಕ್ಕೆ ಏರಿಸಿದ್ದೇನೆ, ಮುಡಿದಿದ್ದೇನೆ. ಹೀಗೆ ನೋಡಿದ್ದು ಅದೇ ಮೊದಲು.

ಡೇರೆಯಲ್ಲಿ ಇಲ್ಲದ ಬಣ್ಣವೆಂದರೆ ನೀಲಿ. ಆ ನೀಲಿಯನ್ನು ಅದೇ ವರ್ಷ, 2022ರಲ್ಲಿ, ಚಂದ್ರದ್ರೋಣ ಪರ್ವತದ ಇಳಿಜಾರುಗಳಲ್ಲಿ ನೋಡುವ ಭಾಗ್ಯ ಸಿಕ್ಕಿತು. ಮುಳ್ಳಯ್ಯನಗಿರಿಯ ಸುತ್ತಲ ಹುಲ್ಲುಗಾವಲಿನಲ್ಲಿ ನೀಲಕುರಿಂಜಿ ಅರಳಿದ ಸುದ್ದಿ ಬಂದಾಗ ಅಣ್ಣನ ಮಗಳೊಂದಿಗೆ ನಸುಕಿನಲ್ಲೇ ಹೊರಟೆ. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ, ಆ ಪೊದೆ ಅಲ್ಲಿಗೆ ಸತ್ತುಹೋಗುತ್ತದೆ. ದೂರದಿಂದ ಬೆಟ್ಟಕ್ಕೆ ನೀಲಿ ಹೊದಿಸಿದಂತೆ ಕಂಡರೂ ಹತ್ತಿರ ಹೋದರೆ ಒಂದೊಂದು ಹೂವೂ ನಸುನೇರಳೆಯ ಪುಟ್ಟ ಗಂಟೆ. ಗಾಳಿ ಬಲವಾಗಿದ್ದುದರಿಂದ ಹಾಳೆ ನಿಲ್ಲಲಿಲ್ಲ, ಮಳೆ ಪುಸ್ತಕದ ಅಳತೆಯ ಒಂದು ಚೌಕವನ್ನಷ್ಟೇ ಬಳಿದು ತಂದೆ. ಜನರು ಹೂವಿನ ರೆಂಬೆಗಳನ್ನು ಕಿತ್ತು ಕಾರಿನೊಳಗೆ ಒಯ್ಯುತ್ತಿದ್ದುದನ್ನು ನೋಡಿ ಮನಸ್ಸಿಗೆ ಬಹಳ ನೋವಾಯಿತು. ಬೀಜ ಕಟ್ಟುವ ಮೊದಲೇ ಕಿತ್ತ ಹೂವು ಆ ನೆಲಕ್ಕೆ ಮುಂದಿನ ಹನ್ನೆರಡು ವರ್ಷದ ನಷ್ಟ. ಇದೇ ಲೆಕ್ಕದಲ್ಲಿ ಅವು ಮತ್ತೆ ಅರಳುವುದು 2034ರಲ್ಲಿ.

ಚಳಿಗಾಲದ ಚೌಕಗಳು ನನ್ನ ಪುಸ್ತಕದಲ್ಲಿ ಅವಸರದವು. ನವೆಂಬರಿನಿಂದ ಕಾಫಿ ಕೊಯ್ಲು, ಕಣ, ಒಣಗಿಸುವುದು, ಆಳುಗಳ ಲೆಕ್ಕ. ಕುಂಚ ಹಿಡಿಯಲು ಬಿಡುವಿರುವುದಿಲ್ಲ. ಕಣದಲ್ಲಿ ಹಣ್ಣಿನ ಕೆಂಪು ದಿನದಿನಕ್ಕೆ ಕಂದಾಗಿ, ಕಂದು ಕಪ್ಪಾಗುವುದನ್ನು ಮೂರು ಚೌಕಗಳಲ್ಲಿ ಹಿಡಿದಿದ್ದೇನೆ, ಅಷ್ಟೆ. ಮಾಘದ ಹೊತ್ತಿಗೆ ಹಾಲುವಾಣದ ಮರ ಎಲೆ ಉದುರಿಸಿ ಬೋಳು ಕೊಂಬೆಗಳಲ್ಲಿ ಕೆಂಪು ಹೂ ಬಿಟ್ಟಾಗ, ಕೊಯ್ಲು ಮುಗಿಯಿತು ಎಂದು ಕೈಗಳಿಗೂ ತಿಳಿಯುತ್ತದೆ.

ಅದಾದ ಮೇಲೆ ಎಲ್ಲರೂ ಕಾಯುವುದು ಹೂಮಳೆಗೆ. ಮಾರ್ಚಿನಲ್ಲಿ ಅರೇಬಿಕಾ ಗಿಡಗಳ ಎಲೆ ಜೋತು, ಗಿಣ್ಣುಗಳಲ್ಲಿ ಭತ್ತದ ಕಾಳಿನಂತಹ ಹಸಿರು ಮೊಗ್ಗುಗಳು ಬಿಗಿದು ಕುಳಿತಿರುತ್ತವೆ. ಒಂದು ಇಂಚಿನಷ್ಟು ಒಳ್ಳೆಯ ಮಳೆ ಬಿದ್ದರೆ ಒಂಬತ್ತು ಹತ್ತು ದಿನಗಳಲ್ಲಿ ಇಡೀ ತೋಟ ಒಟ್ಟಿಗೆ ಅರಳುತ್ತದೆ. ಮಲ್ಲಿಗೆಯನ್ನು ಹೋಲುವ ಆ ಕಂಪು ಬೆಳಗಿನ ಜಾವ ಮನೆಯೊಳಗೆ ಬಂದು ಎಬ್ಬಿಸುತ್ತದೆ. ಹೊರಗೆ ಬಂದರೆ ಜೇನುಹುಳುಗಳ ಸದ್ದಿನಿಂದ ತೋಟವೇ ಗುಂಯ್‌ಗುಡುತ್ತಿರುತ್ತದೆ. ಮೂರು ನಾಲ್ಕು ದಿನಗಳಲ್ಲಿ ಹೂವು ಕಂದಿ ಹೋಗುತ್ತದೆ.

ಈ ವರ್ಷ ರೇವತಿಯಲ್ಲಿ 90 ಸೆಂಟ್ ಬಂತು. ಹೂ ಅರಳಿದ ದಿನ ಪುಸ್ತಕ ಹಿಡಿದು ತೋಟಕ್ಕೇ ಹೋದೆ. ಜಲವರ್ಣದಲ್ಲಿ ಬಿಳಿಯನ್ನು ಬಳಿಯುವುದಿಲ್ಲ, ಉಳಿಸಿಕೊಳ್ಳುತ್ತಾರೆ. ಎಲೆಯ ಗಾಢ ಹಸಿರನ್ನು ಸುತ್ತ ಹಾಕುತ್ತ ಹೋದಂತೆ ಹೂವಿನ ಜಾಗ ತಾನೇ ಬೆಳ್ಳಗೆ ಉಳಿಯಿತು. ಒಣಗಲೆಂದು ಕಾಯುತ್ತ ಹಳೆಯ ಪುಸ್ತಕಗಳಲ್ಲಿ ಅಮ್ಮ ಇದೇ ದಿನಗಳಿಗೆ ಏನು ಬರೆದಿರಬಹುದೆಂದು ಮನೆಗೆ ಬಂದು ಹುಡುಕಿದೆ. ಕರು ಹಾಕಿದ್ದನ್ನೂ ಹಲಸು ಬಿದ್ದದ್ದನ್ನೂ ಬಿಡದೆ ಬರೆದವಳು ಕಾಫಿ ಹೂ ಅರಳಿದ ದಿನಗಳ ನಾಲ್ಕನೆಯ ಕಾಲಮನ್ನು, ನಾನು ತೆರೆದ ಅಷ್ಟೂ ವರ್ಷಗಳಲ್ಲಿ, ಖಾಲಿ ಬಿಟ್ಟಿದ್ದಾಳೆ.

ಹೂವು ಈಗ ಕಂದಿ ಉದುರುತ್ತಿದೆ. ಮಿಡಿ ನಿಲ್ಲಬೇಕಾದರೆ ಇನ್ನೆರಡು ವಾರದಲ್ಲಿ ಹೂಮಳೆಯ ನಂತರದ ಎರಡನೆಯ ಮಳೆ, ಬ್ಯಾಕಿಂಗ್ ಮಳೆ, ಬರಬೇಕು. ನಿನ್ನೆ ಸಂಜೆ ಚಾರ್ಮಾಡಿಯ ಕಡೆ ಮಿಂಚು ಕಂಡಿತು. ಮಾಪಕವನ್ನು ತೊಳೆದಿಟ್ಟು, ಅಟ್ಟದಿಂದ ಡೇರೆಯ ಬುಟ್ಟಿ ಇಳಿಸಿ ನೋಡಿದೆ. ಬಿಳಿಯದರ ಗೊಂಚಲಿನಲ್ಲಿ ಎರಡು ಕಣ್ಣು ಒಡೆದಿವೆ, ತುದಿಯಲ್ಲಿ ನಸುಗೆಂಪು.