ಕೆಮಿಸ್ಟ್ರಿ ಬರಲ್ಲ, ಡೆಂಟಲ್ ಆಸೆ ಬಿಟ್ಟುಬಿಡ್ಲಾ?

ಕೆಮಿಸ್ಟ್ರಿ ಪಾಠ ಮಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಟೆಸ್ಟ್ ಪೇಪರ್ ವಾಪಸ್ ಕೊಟ್ಟ ದಿನ ಕ್ಲಾಸೆಲ್ಲ ಖಾಲಿಯಾದರೂ ಒಬ್ಬರು ಉಳಿದುಕೊಳ್ಳುತ್ತಾರೆ. ಬ್ಯಾಗಿನ ಜಿಪ್ ಎಳೆಯುವುದು, ತೆಗೆಯುವುದು. ಆಮೇಲೆ ಮಾತು. “ಮೇಡಂ, ಡೆಂಟಲ್‌ಗೆ ಸೇರಬೇಕು ಅಂತ ತುಂಬಾ ಆಸೆ. ಬಯಾಲಜಿ ಪರವಾಗಿಲ್ಲ. ಕೆಮಿಸ್ಟ್ರಿ ಮಾತ್ರ ತಲೆಗೇ ಹತ್ತಲ್ಲ. ಬಿಟ್ಟುಬಿಡ್ಲಾ?” ಕೆಲವು ಸಲ ಇದನ್ನೇ ಅಪ್ಪ ಅಮ್ಮ ಬಂದು ಕೇಳುತ್ತಾರೆ. ಮಗ ಪಕ್ಕದಲ್ಲೇ ನೆಲ ನೋಡುತ್ತಾ ನಿಂತಿರುತ್ತಾನೆ. “ಇವನ ಕೈಲಿ ಆಗುತ್ತಾ, ನೀವೇ ಹೇಳಿಬಿಡಿ ಮೇಡಂ.”

ಒಬ್ಬೊಬ್ಬರಿಗೂ ಹೇಳುತ್ತಾ ಬಂದಿದ್ದನ್ನು ಒಂದು ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ಬರೀ ಮಾರ್ಕ್ಸ್ ನೋಡಿ ‘ಆಗುತ್ತೆ’ ‘ಆಗಲ್ಲ’ ಅಂತ ತೀರ್ಪು ಕೊಡಲು ನನಗೆ ಬರುವುದಿಲ್ಲ. ಕೊಡುವವರಿದ್ದಾರೆ, ಅವರ ಧೈರ್ಯ ಮೆಚ್ಚಬೇಕು. ನೂರಕ್ಕೆ 38 ತೆಗೆದ ಇಬ್ಬರ ಪೇಪರನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬನು ಎಲ್ಲ ಪ್ರಶ್ನೆಗೂ ಅರ್ಧಂಬರ್ಧ ಬರೆದಿರುತ್ತಾನೆ. ಇನ್ನೊಬ್ಬಳು ಒಂದು ಬಗೆಯ ಲೆಕ್ಕ ಬಂದಲ್ಲೆಲ್ಲ ಸೊನ್ನೆ, ಮಿಕ್ಕ ಕಡೆ ಪೂರ್ತಿ. ಅಂಕ ಒಂದೇ, ತೊಂದರೆ ಬೇರೆ ಬೇರೆ. ಅದಕ್ಕೇ “ಬಿಟ್ಟುಬಿಡ್ಲಾ?” ಅಂತ ಕೇಳಿದವರಿಗೆ ನನ್ನ ಮೊದಲ ಮಾತು, ಪೇಪರ್ ತಗೊಂಡು ಬಾ ಅಂತ. ಅರ್ಧ ಜನ ಅದನ್ನು ಎಸೆದಿರುತ್ತಾರೆ. ಕಮ್ಮಿ ಅಂಕ ಬಂದ ಪೇಪರ್ ಕಣ್ಣಿಗೆ ಬೀಳದಿದ್ದರೆ ಸಾಕು ಅನ್ನಿಸುವುದು ಸಹಜ. ಆದರೆ ನಿಮ್ಮ ತೊಂದರೆ ಎಲ್ಲಿದೆ ಅಂತ ಬರೆದಿಟ್ಟಿರುವ ಒಂದೇ ಕಾಗದ ಅದು.

ಒಬ್ಬ ಹುಡುಗಿಯ ಪೇಪರ್ ಇನ್ನೂ ನೆನಪಿದೆ. ಆಸಿಡ್-ಬೇಸ್ ಪಾಠವನ್ನು ಅವಳು ಓದಿದ್ದಷ್ಟು ನಾನೂ ಓದಿರಲಿಕ್ಕಿಲ್ಲ. ಪುಸ್ತಕದ ಆ ಪುಟಗಳಲ್ಲಿ ಹಳದಿ ಬಣ್ಣ ಹಚ್ಚದ ಸಾಲೇ ಇರಲಿಲ್ಲ. ಆದರೂ ಪಿಎಚ್ ಲೆಕ್ಕ, ಅಂದರೆ ದ್ರಾವಣದಲ್ಲಿ ಆಸಿಡ್ ಎಷ್ಟು ಜೋರಾಗಿದೆ ಅಂತ ಹೇಳುವ ಸಂಖ್ಯೆಯ ಲೆಕ್ಕ ಬಂದರೆ ತಪ್ಪು. ಎದುರಿಗೆ ಕೂರಿಸಿಕೊಂಡು ಕೇಳಿದೆ. ಹೈಡ್ರೋಕ್ಲೋರಿಕ್ ಆಸಿಡ್ ಸಾಂದ್ರತೆ 0.01 ಮೋಲಾರ್ ಇದೆ, ಪಿಎಚ್ ಎಷ್ಟು? ಥಟ್ಟನೆ 2 ಅಂದಳು. ಸರಿ. 0.02 ಮೋಲಾರ್ ಇದ್ದರೆ? ಸ್ವಲ್ಪ ಯೋಚಿಸಿ, 4 ಅಂದಳು.

ಆಸಿಡ್ ಜಾಸ್ತಿಯಾದರೆ ಪಿಎಚ್ ಇಳಿಯುತ್ತದೆ ಅನ್ನುವುದನ್ನು ಅವಳು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾಳೆ. ಹಾಗಿದ್ದರೆ 4 ಎಲ್ಲಿಂದ ಬಂತು? ಆಸಿಡ್ ಎರಡು ಪಟ್ಟಾಯಿತು, ಪಿಎಚ್ಚೂ ಎರಡು ಪಟ್ಟು ಅಂತ. ಮೊದಲ ಉತ್ತರ ಸರಿ ಬಂದಿದ್ದೂ ದಶಾಂಶ ಬಿಂದುವಿನ ಮುಂದೆ ಎಷ್ಟು ಸ್ಥಾನ ಇದೆ ಅಂತ ಎಣಿಸಿ. ಪಿಎಚ್ ಲೆಕ್ಕ ನಿಂತಿರುವುದೇ ಲಾಗ್ ಮೇಲೆ. ಲಾಗ್ ಅಂದರೆ ಏನು ಅಂತ ಕೇಳಿದೆ. “ಕ್ಯಾಲ್ಕ್ಯುಲೇಟರ್‌ನಲ್ಲಿ ಒಂದು ಬಟನ್ ಇದೆಯಲ್ಲ ಮೇಡಂ, ಅದು” ಅಂದಳು.

ಅಲ್ಲಿಗೆ ಗೊತ್ತಾಯಿತು. ಅವಳು ಸಿಕ್ಕಿಹಾಕಿಕೊಂಡಿದ್ದು ಕೆಮಿಸ್ಟ್ರಿಯಲ್ಲಿ ಅಲ್ಲವೇ ಅಲ್ಲ, ಹಿಂದಿನ ತರಗತಿಯ ಗಣಿತದಲ್ಲಿ. ಆ ಪಾಠವನ್ನು ಇನ್ನು ಹತ್ತು ಸಲ ಓದಿದ್ದರೂ ಪ್ರಯೋಜನ ಇರಲಿಲ್ಲ, ಯಾಕೆಂದರೆ ಲಾಗ್ ಅಂದರೇನು ಅಂತ ಆ ಪಾಠದಲ್ಲಿ ಇಲ್ಲ. ಪುಸ್ತಕ ಬರೆದವರು ಅದು ಗೊತ್ತಿದೆ ಅಂತಲೇ ಶುರು ಮಾಡಿರುತ್ತಾರೆ. ಕೆಮಿಸ್ಟ್ರಿ ಮುಚ್ಚಿಟ್ಟು ಲಾಗ್ ಹಿಡಿದು ಕೂತೆವು. ಹತ್ತನ್ನು ಯಾವ ಘಾತಕ್ಕೆ ಏರಿಸಿದರೆ ಆ ಸಂಖ್ಯೆ ಬರುತ್ತದೋ ಅದು ಲಾಗ್. 2ರ ಲಾಗ್ ಸುಮಾರು 0.3. ಹಾಗಾಗಿ ಆಸಿಡ್ ಎರಡು ಪಟ್ಟಾದರೆ ಪಿಎಚ್ 0.3ರಷ್ಟು ಇಳಿಯುತ್ತದೆ, ಉತ್ತರ 1.7. ಇಷ್ಟು ಕೈಗೆ ಬಂದ ಮೇಲೆ ಬಫರ್ (ಪಿಎಚ್ ಸುಲಭವಾಗಿ ಬದಲಾಗದ ದ್ರಾವಣ) ಲೆಕ್ಕಗಳನ್ನು ಅವಳು ನನ್ನ ಸಹಾಯ ಇಲ್ಲದೆ ಬಿಡಿಸಿದಳು.

ಆರ್ಗ್ಯಾನಿಕ್‌ನಲ್ಲೂ ಇಂಥದ್ದೇ ಒಂದು ಜಾಗ ಇದೆ. ಬಾಗಿದ ಬಾಣ. ನೀರು ಒಂದು ಪ್ರೋಟಾನ್ (ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್) ತೆಗೆದುಕೊಳ್ಳುವುದನ್ನು ಬಿಡಿಸು ಅಂದರೆ ಎಷ್ಟೋ ಮಕ್ಕಳು ಬಾಣವನ್ನು ಪ್ರೋಟಾನ್‌ನಿಂದ ಆಕ್ಸಿಜನ್ ಕಡೆಗೆ ಎಳೆಯುತ್ತಾರೆ. ಹೈಡ್ರೋಜನ್ ಅಲ್ಲಿಗೆ ಹೋಗುತ್ತದಲ್ವಾ, ಅದಕ್ಕೆ! ಆದರೆ ಆ ಬಾಣ ತೋರಿಸುವುದು ಎಲೆಕ್ಟ್ರಾನ್ ಜೋಡಿ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದನ್ನು. ಆಕ್ಸಿಜನ್ ಬಳಿ ಜೋಡಿ ಇದೆ, ಪ್ರೋಟಾನ್ ಬಳಿ ಏನೂ ಇಲ್ಲ. ಬಾಣ ಹೊರಡಬೇಕಾದ್ದು ಆಕ್ಸಿಜನ್‌ನಿಂದ. ಇದು ಉಲ್ಟಾ ಕೂತುಬಿಟ್ಟರೆ ರಿಯಾಕ್ಷನ್ ಹಂತಹಂತವಾಗಿ ಹೇಗೆ ನಡೆಯುತ್ತದೆ ಅಂತ ತೋರಿಸುವ ಮುಂದಿನ ಪ್ರತಿಯೊಂದು ಮೆಕ್ಯಾನಿಸಮ್ಮೂ ಅರ್ಥವಿಲ್ಲದ ಚಿತ್ರ ಆಗುತ್ತದೆ. ಆಗ ಉಳಿಯುವುದು ಬಾಯಿಪಾಠ ಒಂದೇ. ನೂರಾರು ರಿಯಾಕ್ಷನ್ ಬಾಯಿಪಾಠ ಮಾಡುವವರಿಗೆ ಆರ್ಗ್ಯಾನಿಕ್ ಕಷ್ಟ ಅನ್ನಿಸದೆ ಇನ್ನೇನು ಅನ್ನಿಸಬೇಕು?

ಮೋಲ್ ಲೆಕ್ಕ, ಯೂನಿಟ್ ಬದಲಾಯಿಸುವುದು, ಅನುಪಾತ. ಗಂಟು ಸಾಮಾನ್ಯವಾಗಿ ಇವುಗಳಲ್ಲೇ ಎಲ್ಲೋ ಒಂದು ಕಡೆ ಇರುತ್ತದೆ. ‘ಕೆಮಿಸ್ಟ್ರಿ ಬರಲ್ಲ’ ಅನ್ನುವ ಮಾತು ತೀರಾ ದೊಡ್ಡದು. ‘ಲಾಗ್ ಬರಲ್ಲ’ ಅನ್ನುವುದು ಚಿಕ್ಕದು, ಅದಕ್ಕೆ ಮದ್ದಿದೆ.

ಇನ್ನೊಂದು ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. “ಹಲ್ಲು ನೋಡೋ ಡಾಕ್ಟರಿಗೆ ಇದೆಲ್ಲ ಯಾಕೆ ಬೇಕು ಮೇಡಂ? ಒಮ್ಮೆ ಪಾಸಾದರೆ ಆಯಿತಲ್ಲ.” ಈ ಮಾತಿಗೆ ಮಾತ್ರ ನಾನು ಸುಮ್ನೆ ಇರುವುದಿಲ್ಲ.

ಹಲ್ಲಿನ ಹೊರಪದರವಾದ ಎನಾಮೆಲ್‌ನಿಂದಲೇ ಶುರು ಮಾಡೋಣ. ಅದು ಬಹುಪಾಲು ಹೈಡ್ರಾಕ್ಸಿಅಪಟೈಟ್, ಅಂದರೆ ಕ್ಯಾಲ್ಸಿಯಂ, ಫಾಸ್ಫೇಟ್, ಹೈಡ್ರಾಕ್ಸೈಡ್ ಸೇರಿದ ಹರಳು. ಬಾಯಿಯಲ್ಲಿ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಈ ಹರಳು ಕರಗಲು ಶುರುವಾಗುತ್ತದೆ. ಸಕ್ಕರೆ ತಿಂದ ಬ್ಯಾಕ್ಟೀರಿಯಾ ಬಿಡುವ ಆಸಿಡ್ ಹಲ್ಲಿನ ಮೇಲಿನ ಪಾಚಿಯಲ್ಲಿ ಮಾಡುವ ಕೆಲಸವೇ ಇದು. ಕೋಲಾ ಪಾನೀಯದ ಪಿಎಚ್ ಸುಮಾರು 2.5. ವ್ಯತ್ಯಾಸ ಬರೀ 3 ಅಲ್ವಾ ಅಂತ ಲಾಗ್ ಗೊತ್ತಿಲ್ಲದವರು ಅಂದುಕೊಳ್ಳುತ್ತಾರೆ. ಅದು ಸಾವಿರ ಪಟ್ಟು. ಇನ್ನು ಫ್ಲೋರೈಡ್. ಹರಳಿನೊಳಗೆ ಹೈಡ್ರಾಕ್ಸೈಡ್ ಇದ್ದ ಜಾಗದಲ್ಲಿ ಫ್ಲೋರೈಡ್ ಕೂತರೆ, ಅದು ಕರಗಬೇಕಾದರೆ ಪಿಎಚ್ ಸುಮಾರು 4.5ಕ್ಕೆ ಇಳಿಯಬೇಕು. ಪೇಸ್ಟ್‌ನಲ್ಲಿ ಫ್ಲೋರೈಡ್ ಯಾಕೆ ಅಂತ ರೋಗಿ ಕೇಳಿದಾಗ ಕೊಡುವ ಉತ್ತರ ನೀವು ಈಗ ಗೊಣಗುತ್ತಾ ಓದುತ್ತಿರುವ ಇಕ್ವಿಲಿಬ್ರಿಯಮ್ ಪಾಠದಲ್ಲೇ ಇದೆ.

ನನಗೆ ಇದಕ್ಕಿಂತ ಇಷ್ಟವಾದ ಉದಾಹರಣೆ ಮರಗಟ್ಟಿಸುವ ಇಂಜೆಕ್ಷನ್‌ನದು. ಹಲ್ಲಿನ ಬುಡದಲ್ಲಿ ಕೀವಾಗಿ ಊದಿಕೊಂಡಿದ್ದಾಗ ಇಂಜೆಕ್ಷನ್ ಕೊಟ್ಟರೂ ಸರಿಯಾಗಿ ಜೋಮು ಹಿಡಿಯುವುದಿಲ್ಲ. ರೋಗಿ ಕುರ್ಚಿಯಿಂದ ಎದ್ದೇಬಿಡುತ್ತಾನೆ. ಯಾಕೆ ಹೀಗೆ? ಆ ಇಂಜೆಕ್ಷನ್‌ನಲ್ಲಿರುವ ಲಿಡೊಕೇಯ್ನ್ ಒಂದು ದುರ್ಬಲ ಬೇಸ್, ಅದರ ಪಿಕೆಎ, ಅಂದರೆ ಅರ್ಧ ಔಷಧಿ ಪ್ರೋಟಾನ್ ಹಿಡಿದು ಚಾರ್ಜ್ ಪಡೆದಿರುವ ಪಿಎಚ್, ಸುಮಾರು 7.9. ನರದ ಪೊರೆ ಕೊಬ್ಬಿನದು, ಅದನ್ನು ಸುಲಭವಾಗಿ ದಾಟುವುದು ಚಾರ್ಜ್ ಇಲ್ಲದ ರೂಪ. ದಾಟಿದ ಮೇಲೆ ಒಳಗೆ ಮತ್ತೆ ಪ್ರೋಟಾನ್ ಹಿಡಿದು, ಚಾರ್ಜ್ ಪಡೆದು, ನರದಲ್ಲಿ ನೋವಿನ ಸುದ್ದಿ ಸಾಗಿಸುವ ಸೋಡಿಯಂ ಚಾನೆಲ್ ಮುಚ್ಚುತ್ತದೆ. ಮೈಯ ಮಾಮೂಲಿ ಪಿಎಚ್ 7.4 ಇದ್ದಾಗ ಸುಮಾರು ಕಾಲು ಭಾಗ ಔಷಧಿ ಚಾರ್ಜ್ ಇಲ್ಲದೆ ಇರುತ್ತದೆ. ಕೀವಿನ ಜಾಗ ಆಸಿಡ್ ಕಡೆಗೆ ವಾಲಿರುತ್ತದೆ. ಅಲ್ಲಿ ಪಿಎಚ್ 6.4 ಇದೆ ಅಂತ ಇಟ್ಟುಕೊಂಡು, ಪಿಎಚ್ ಮತ್ತು ಪಿಕೆಎ ಜೋಡಿಸುವ ಹೆಂಡರ್‌ಸನ್-ಹ್ಯಾಸೆಲ್‌ಬಾಕ್ ಸೂತ್ರಕ್ಕೆ ಹಾಕಿ ನೋಡಿ. ನೂರಕ್ಕೆ 3ರಷ್ಟು ಉಳಿಯುತ್ತದೆ. ಕಾಲು ಭಾಗ ಎಲ್ಲಿ, ನೂರಕ್ಕೆ 3 ಎಲ್ಲಿ! ಜೋಮು ಹಿಡಿಯದಿರಲು ಇದೊಂದೇ ಕಾರಣ ಅಲ್ಲ. ಅಲ್ಲಿ ರಕ್ತ ಓಡಾಟ ಜಾಸ್ತಿ ಇರುವುದರಿಂದ ಔಷಧಿ ಬೇಗ ಕೊಚ್ಚಿ ಹೋಗುತ್ತದೆ, ಊದಿದ ಜಾಗದ ನರಗಳೂ ಕೆರಳಿರುತ್ತವೆ. ಆದರೆ ಈ ಲೆಕ್ಕ ಗೊತ್ತಿರುವ ಡಾಕ್ಟರು ಅಲ್ಲಿಗೇ ಇನ್ನೊಂದು ಸಿರಿಂಜ್ ಚುಚ್ಚುವ ಮೊದಲು, ಕೀವಿನಿಂದ ದೂರದಲ್ಲಿ ನರ ಹಿಡಿಯಬಹುದಾ ಅಂತ ಯೋಚಿಸುತ್ತಾರೆ.

ಹಲ್ಲು ತುಂಬಿಸುವ ಬಿಳಿ ಕಾಂಪೋಸಿಟ್ ಇದೆಯಲ್ಲ, ಅದೂ ಆರ್ಗ್ಯಾನಿಕ್ ಪಾಠವೇ. ನೀಲಿ ಬೆಳಕು ಬಿದ್ದ ಕೂಡಲೇ ಅದರಲ್ಲಿರುವ ಕ್ಯಾಂಫರ್‌ಕ್ವಿನೋನ್ ಒಂಟಿ ಎಲೆಕ್ಟ್ರಾನ್ ಇರುವ ಫ್ರೀ ರ‍್ಯಾಡಿಕಲ್ ಹುಟ್ಟಿಸುತ್ತದೆ, ಡಬಲ್ ಬಾಂಡ್‌ಗಳು ಬಿಚ್ಚಿ ಸರಪಳಿಯಾಗಿ ಬೆಳೆಯುತ್ತವೆ, ಮೆತ್ತಗಿದ್ದದ್ದು ಗಟ್ಟಿಯಾಗುತ್ತದೆ. ಗಾಳಿ ತಾಗುವ ಮೇಲ್ಪದರ ಮಾತ್ರ ಅಂಟಂಟಾಗಿ ಉಳಿಯುತ್ತದೆ, ಆಕ್ಸಿಜನ್ ಬಂದು ರ‍್ಯಾಡಿಕಲ್‌ಗಳ ದಾರಿ ತಪ್ಪಿಸುತ್ತದೆ. ಒಂಟಿ ಎಲೆಕ್ಟ್ರಾನ್ ಓಡಾಟ ತೋರಿಸಲು ಪರೀಕ್ಷೆಯಲ್ಲಿ ನೀವು ಎಳೆಯುವ ಅರ್ಧ ತಲೆಯ ಬಾಣ ಇಲ್ಲಿ ರೋಗಿಯ ಬಾಯಿಯೊಳಗಿದೆ. ಡೆಂಟಲ್ ಸೇರಿದ ಮೇಲೂ ಮೊದಲ ವರ್ಷಗಳಲ್ಲಿ ಬಯೋಕೆಮಿಸ್ಟ್ರಿ ಬರುತ್ತದೆ, ಫಿಸಿಯಾಲಜಿ ಬರುತ್ತದೆ, ಆಮೇಲೆ ಫಾರ್ಮಕಾಲಜಿ, ಡೆಂಟಲ್ ಮೆಟೀರಿಯಲ್ಸ್. ತಳ್ಳಿಕೊಂಡು ಪಾಸಾದ ಪಾಠ ಅಲ್ಲಿ ಮತ್ತೆ ಎದುರು ನಿಲ್ಲುತ್ತದೆ.

ಓದುವುದು ಹೇಗೆ ಅಂತಲೂ ಕೇಳುತ್ತಾರೆ. ಪುಸ್ತಕ ಮುಚ್ಚಿ ಓದಿ ಅನ್ನುತ್ತೇನೆ, ನಗುತ್ತಾರೆ. ತಮಾಷೆ ಅಲ್ಲ. ಅಮೆರಿಕದ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಒಂದು ಗುಂಪಿನ ವಿದ್ಯಾರ್ಥಿಗಳು ಅದೇ ಪಠ್ಯವನ್ನು ಮತ್ತೆ ಓದಿದರು. ಇನ್ನೊಂದು ಗುಂಪು ಅದನ್ನು ನೋಡದೆ, ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಓದಿದವರೇ ಮುಂದೆ. ವಾರ ಕಳೆದ ಮೇಲೆ ಪರೀಕ್ಷೆ ಮಾಡಿದಾಗ ನೋಡದೆ ಬರೆದವರು ಮುಂದೆ. ರಾತ್ರಿ ಓದಿದಾಗ ಎಲ್ಲ ಬಂದಂತೆ ಇರುತ್ತೆ, ಪರೀಕ್ಷೆಯಲ್ಲಿ ಕೈಕೊಡುತ್ತೆ ಅಂತ ಗೋಳಾಡುವವರ ಕಥೆ ಇದರಲ್ಲೇ ಇದೆ. ಬಿಡಿಸಿಟ್ಟ ಲೆಕ್ಕ ನೋಡಿ ತಲೆಯಾಡಿಸುವುದು ಬೇರೆ, ಖಾಲಿ ಹಾಳೆ ಮೇಲೆ ಅದನ್ನು ಬಿಡಿಸುವುದು ಬೇರೆ. ಒಂದು ಟ್ಯೂಷನ್ ಸಾಲದೆ ಮೂರಕ್ಕೆ ಹಾಕುವ ಅಪ್ಪ ಅಮ್ಮಂದಿರಿಗೂ ಇದನ್ನೇ ಹೇಳುತ್ತೇನೆ. ಮೂರು ಕಡೆ ಬೇರೆಯವರು ಬಿಡಿಸುವುದನ್ನು ನೋಡಿಕೊಂಡು ಬಂದ ಮಗು ತಾನಾಗಿ ಬಿಡಿಸುವುದು ಯಾವಾಗ?

ನಿಯಮಗಳ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ, ಒಂದೊಂದು ದೇಶದಲ್ಲಿ ಒಂದೊಂದು ಥರ. ಕೆಲವು ಕಡೆ ಪ್ರವೇಶ ಪರೀಕ್ಷೆಯ ಅಂಕವೇ ಎಲ್ಲ. ಕೆಲವು ಕಡೆ ನೀವು ಓದಿದ ಪ್ರತಿ ಕೋರ್ಸಿನ ಗ್ರೇಡೂ ಲೆಕ್ಕಕ್ಕೆ ಬರುತ್ತದೆ. ಎರಡನೆಯ ಥರದ ಜಾಗದಲ್ಲಿದ್ದರೆ ಕೋರ್ಸ್ ಬಿಡಲು ಕೊನೆಯ ದಿನ ಯಾವುದು, ಮತ್ತೆ ತೆಗೆದುಕೊಂಡರೆ ಹಳೆಯ ಗ್ರೇಡ್ ಏನಾಗುತ್ತದೆ, ಇವೆರಡನ್ನು ಈ ವಾರವೇ ಆಫೀಸಿಗೆ ಹೋಗಿ ಕೇಳಿ. ಕೊನೆಯ ದಿನ ಕಳೆದ ಮೇಲೆ ಅಳುತ್ತಾ ಬರುವವರನ್ನು ಜಾಸ್ತಿ ನೋಡಿದ್ದೇನೆ. ಗೆಳೆಯರನ್ನು ಕೇಳಬೇಡಿ, ಅವರಿಗೂ ಗೊತ್ತಿರುವುದಿಲ್ಲ.

ಹಾಗಾದರೆ ಯಾರಿಗೂ ಬಿಡು ಅಂತ ಹೇಳುವುದೇ ಇಲ್ವಾ? ಹೇಳುತ್ತೇನೆ. ಗಂಟು ಎಲ್ಲಿದೆ ಅಂತ ಹುಡುಕಿ, ಬಿಚ್ಚಿ, ಪಾಠ ಅರ್ಥವಾಗತೊಡಗಿದ ಮೇಲೂ “ಇದು ನನಗೆ ಬೇಜಾರು” ಅನ್ನುವವರು ಇರುತ್ತಾರೆ. ಬಯಾಲಜಿಯೂ ಬೇಜಾರು, ದೇಹದೊಳಗೆ ಏನಾಗುತ್ತದೆ ಅನ್ನುವ ಕುತೂಹಲವೂ ಇಲ್ಲ, ಡಾಕ್ಟರ್ ಅನ್ನಿಸಿಕೊಳ್ಳುವುದು ಮಾತ್ರ ಇಷ್ಟ. ಅಂಥವರಿಗೆ ಕಷ್ಟಪಟ್ಟರೆ ಸೀಟು ಸಿಗಬಹುದು. ಸಿಕ್ಕ ಮೇಲೆ ವರ್ಷಗಟ್ಟಲೆ ಅದನ್ನೇ ಓದಬೇಕಲ್ಲ! ಸೇರುವ ಮೊದಲು ಪರಿಚಯದ ಡೆಂಟಿಸ್ಟ್ ಒಬ್ಬರನ್ನು ಕೇಳಿಕೊಂಡು, ಅವರ ಕ್ಲಿನಿಕ್‌ನಲ್ಲಿ ಇಡೀ ದಿನ ಕೂತು ನೋಡಿ ಬನ್ನಿ. ಬಗ್ಗಿದ ಕತ್ತು, ಬೆರಳಗಲದ ಜಾಗ, ಹೆದರಿದ ಮಗು, ಒಂದರ ಹಿಂದೆ ಒಂದು ಬಾಯಿ. ಅದನ್ನು ನೋಡಿದ ಮೇಲೂ ಬೇಕು ಅನ್ನಿಸಿದರೆ ಲಾಗ್ ಕಲಿಯುವುದು ದೊಡ್ಡದಲ್ಲ.

ಕೈಕೆಲಸ ಇಷ್ಟ, ಹಲ್ಲಿನ ಆಕಾರ ಇಷ್ಟ, ಉದ್ದುದ್ದ ಓದು ಬೇಡ ಅನ್ನುವವರಿಗೆ ಡೆಂಟಲ್ ಟೆಕ್ನಿಷಿಯನ್ ದಾರಿ ಇದೆ. ಕ್ರೌನ್, ಬ್ರಿಡ್ಜ್, ಸೆಟ್ ಹಲ್ಲು ತಯಾರಾಗುವುದು ಅವರ ಲ್ಯಾಬಿನಲ್ಲಿ. ಒಳ್ಳೆಯ ಟೆಕ್ನಿಷಿಯನ್ ಮಾಡಿದ ಕ್ರೌನ್ ಪಕ್ಕದ ಹಲ್ಲಿನ ಜೊತೆ ಬಣ್ಣದಲ್ಲಿ ಎಷ್ಟು ಹೊಂದುತ್ತದೆ ಅಂದರೆ, ಯಾವುದು ನಿಜವಾದದ್ದು ಅಂತ ಹುಡುಕಬೇಕಾಗುತ್ತದೆ. ಅಲ್ಲಿಗೆ ಹೋಗಿ ಖುಷಿಯಾಗಿರುವವರು ಇದ್ದಾರೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಅಕ್ರಿಲಿಕ್ ಯಾಕೆ ಗಟ್ಟಿಯಾಗುತ್ತದೆ, ಪಿಂಗಾಣಿ ಯಾಕೆ ಬಿರುಕು ಬಿಡುತ್ತದೆ ಅಂತ ಅಲ್ಲೂ ಓದಿಸುತ್ತಾರೆ.