‘ಯಾವ ಲೈಸೆನ್ಸ್ ಫ್ರೀ?’ ಎಂದು ಕೇಳುವವರಿಗೆ

ಹೋಮ್‌ಸ್ಟೇಗಳಿಗೂ ಕಾಫಿ ತೋಟಗಳಿಗೂ ನಾನು ವರ್ಕ್‌ಫ್ಲೋ ಆಟೊಮೇಷನ್ ಮಾಡಿಕೊಡುತ್ತೇನೆ. ಬುಕ್ಕಿಂಗ್ ಬಂದೊಡನೆ ಅತಿಥಿಗೆ ದಾರಿಯ ವಿವರ ಹೋಗಬೇಕು, ಲೆಕ್ಕದ ಶೀಟಿನಲ್ಲಿ ಒಂದು ಸಾಲು ಸೇರಬೇಕು, ಅಡುಗೆಯವರಿಗೆ ಸಂದೇಶ ಮುಟ್ಟಬೇಕು; ಇಂಥ ಕೆಲಸಗಳನ್ನು ಮನುಷ್ಯರ ಕೈಯಿಂದ ತಪ್ಪಿಸಿ ತಂತ್ರಾಂಶಕ್ಕೆ ಒಪ್ಪಿಸುವುದು ನನ್ನ ವೃತ್ತಿ. ಮಡಿಕೇರಿಯಿಂದ ಗೋಣಿಕೊಪ್ಪದವರೆಗೆ ಎಲ್ಲಿ ಕುಳಿತರೂ ಎದುರಾಗುವ ಪ್ರಶ್ನೆ ಒಂದೇ: ಈ ತಂತ್ರಾಂಶಗಳಲ್ಲಿ ಯಾವ ಲೈಸೆನ್ಸಿನದು ಒಳ್ಳೆಯದು, ಅಂದರೆ ಯಾವುದು ಫ್ರೀ?

ಆ ‘ಅಂದರೆ’ಯ ಮೇಲೆ ನನಗೆ ಸಿಟ್ಟಿದೆ. ವಿರಾಜಪೇಟೆಯಲ್ಲಿ ನಡೆದ ಮದುವೆಯೊಂದರಲ್ಲಿ, ಎಲೆಯ ಮೇಲಿನ ಪಂದಿಕರಿ ಆರುತ್ತಿದ್ದರೂ ಲೆಕ್ಕಿಸದೆ, ಪಕ್ಕದಲ್ಲಿ ಕುಳಿತಿದ್ದ ಹಿರಿಯ ಬೆಳೆಗಾರರೊಬ್ಬರಿಗೆ ಇಪ್ಪತ್ತು ನಿಮಿಷ ಎಲ್ಲವನ್ನೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಕೈ ತೊಳೆದು ಬಂದು, “ಅದೆಲ್ಲ ಸರಿ ಮಾರಾಯ, ಯಾವುದು ಫ್ರೀ ಹೇಳು” ಎಂದರು. ಇದೇ ಮನುಷ್ಯ ಎರಡು ಎಕರೆ ಬಾಣೆ (ಗದ್ದೆಗೆ ಹೊಂದಿಕೊಂಡ ಮರಗಾಡಿನ ಜಮೀನು) ಕೊಳ್ಳುವ ಮೊದಲು ಆರ್‌ಟಿಸಿಯ ಪ್ರತಿ ಕಲಂ ಓದಿಸಿದವರು. ಜಾಗ ರಿಡೀಮ್ ಆಗಿದೆಯೇ, ಅಂದರೆ ಮರದ ಬೆಲೆ ಸರ್ಕಾರಕ್ಕೆ ಸಂದಿದೆಯೇ, ಇಲ್ಲವೇ ಎಂದು ತಿಳಿಯಲು ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದವರು. ರಿಡೀಮ್ ಆಗದ ಬಾಣೆಯನ್ನು ತಲೆಮಾರುಗಟ್ಟಲೆ ಅನುಭವಿಸಬಹುದಾದರೂ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟದೆ ಮರ ಕಡಿದು ಮಾರುವಂತಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಂತ್ರಾಂಶದ ಷರತ್ತುಗಳ ಪುಟ ತೆರೆದುಕೊಂಡಾಗ ಮಾತ್ರ ಕಣ್ಣು ಮುಚ್ಚಿ ‘ಒಪ್ಪಿದೆ’ ಎಂದು ಒತ್ತುತ್ತಾರೆ.

ಅಲ್ಲಿ ಇರುವುದೂ ಬಾಣೆಯ ವ್ಯವಹಾರವೇ. ನಾನು ಹೇಳಿದಂಥ ಕೆಲಸಗಳನ್ನು ಮಾಡುವ ಎನ್‌ಎಯ್ಟ್‌ಎನ್ (n8n) ಎಂಬ ಜನಪ್ರಿಯ ತಂತ್ರಾಂಶದ ಮೂಲಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ಕಾಣುತ್ತದೆ, ಇಳಿಸಿಕೊಳ್ಳಲು ದುಡ್ಡು ಕೊಡಬೇಕಿಲ್ಲ. ಆದರೆ 2022ರಿಂದ ಅದು ‘ಸಸ್ಟೇನಬಲ್ ಯೂಸ್ ಲೈಸೆನ್ಸ್’ ಎಂಬ ಪರವಾನಗಿಗೆ ಒಳಪಟ್ಟಿದೆ. ನಿಮ್ಮ ಸಂಸ್ಥೆಯ ಒಳಗಿನ ಕೆಲಸಕ್ಕೆ ಬಳಸಬಹುದು, ತಿದ್ದಬಹುದು, ಅದನ್ನೇ ಸೇವೆಯಾಗಿಸಿ ಇತರರಿಗೆ ಮಾರುವಂತಿಲ್ಲ. ಅದರಲ್ಲಿಯೂ ಹೆಸರಿನ ನಡುವೆ ‘ಇಇ’ ಎಂಬ ಗುರುತಿರುವ ಕಡತಗಳಿಗೆ ಬೇರೆಯದೇ ವಾಣಿಜ್ಯ ಪರವಾನಗಿ ಇದೆ.

ಇದನ್ನು ನಾನು ಓದಿ ಕಲಿಯಲಿಲ್ಲ, ತಪ್ಪು ಮಾಡಿ ಕಲಿತೆ. ಮೊದಲ ವರ್ಷ ಒಂದೇ ಸರ್ವರಿನಲ್ಲಿ ಎನ್‌ಎಯ್ಟ್‌ಎನ್ ಹಾಕಿ, ಹನ್ನೊಂದು ಹೋಮ್‌ಸ್ಟೇಗಳ ಮಿಂಚಂಚೆ ಮತ್ತು ಕ್ಯಾಲೆಂಡರ್ ಖಾತೆಗಳನ್ನು ಅದಕ್ಕೆ ಜೋಡಿಸಿ, ತಿಂಗಳ ಬಾಡಿಗೆ ಪಡೆಯುತ್ತಿದ್ದೆ. ಲಾಭ ಬಂತು, ಖುಷಿಯಾಯಿತು, ಪರವಾನಗಿಯನ್ನು ಓದಿದ್ದು ಆಮೇಲೆ. ಗ್ರಾಹಕರಿಗಾಗಿ ವರ್ಕ್‌ಫ್ಲೋ ಕಟ್ಟಿಕೊಟ್ಟು ಸಲಹೆ ಮತ್ತು ನಿರ್ವಹಣೆಗೆ ಶುಲ್ಕ ಪಡೆಯುವುದಕ್ಕೆ ಅಡ್ಡಿಯಿಲ್ಲ. ತಂತ್ರಾಂಶವನ್ನು ನಾನೇ ನಡೆಸುತ್ತಾ ಅವರವರ ಖಾತೆಗಳನ್ನು ಅದಕ್ಕೆ ಜೋಡಿಸಿ ಬಾಡಿಗೆ ವಸೂಲಿ ಮಾಡುವುದಕ್ಕೆ ಅನುಮತಿಯಿಲ್ಲ. ಯಾರೂ ನೋಟಿಸು ಕಳಿಸಲಿಲ್ಲ. ಕೊಡಗಿನ ಮೂಲೆಯಲ್ಲಿ ಕುಳಿತವನನ್ನು ಎನ್‌ಎಯ್ಟ್‌ಎನ್ ಕಂಪನಿಯ ಬರ್ಲಿನ್ನಿನವರು ಹುಡುಕಿಕೊಂಡು ಬರುತ್ತಾರೆಯೇ ಎಂದು ನಕ್ಕವರೂ ಇದ್ದಾರೆ. ಅವರಿಗೆ ನನ್ನದೊಂದು ಪ್ರಶ್ನೆ: ನಿಮ್ಮ ತೋಟದ ಕಾಳುಮೆಣಸನ್ನು ಕೊಯ್ದವನು ‘ಯಾರೂ ನೋಡಲಿಲ್ಲ’ ಎಂದರೆ ನೀವು ಸುಮ್ಮನಿರುತ್ತೀರೋ?

ಆ ವರ್ಷದ ಕಕ್ಕಡ ಮಾಸದ ಮಳೆಯಲ್ಲಿ, ದಿನಕ್ಕೆ ಆರು ಗಂಟೆ ಕರೆಂಟಿಲ್ಲದೆ, ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದೆ. ಸ್ವಂತ ಪ್ರತಿ ಇಟ್ಟುಕೊಳ್ಳಲು ಒಪ್ಪಿದವರಿಗೆ ಅವರವರ ಹೆಸರಿನ ಸರ್ವರಿನಲ್ಲಿ ಎನ್‌ಎಯ್ಟ್‌ಎನ್ ಹಾಕಿಕೊಟ್ಟೆ. ಉಳಿದವರ ಕೆಲಸವನ್ನು ನೋಡ್-ರೆಡ್ ಎಂಬ ಇದೇ ಬಗೆಯ ತಂತ್ರಾಂಶಕ್ಕೆ ಸಾಗಿಸಿದೆ. ಐಬಿಎಂನಲ್ಲಿ ಹುಟ್ಟಿದ ಅದು ಅಪಾಚೆ 2.0 ಪರವಾನಗಿಯಲ್ಲಿರುವುದರಿಂದ, ಹಕ್ಕುಸ್ವಾಮ್ಯದ ಸೂಚನೆಗಳನ್ನು ಉಳಿಸಿಕೊಂಡರೆ, ಸೇವೆಯಾಗಿ ಮಾರಲೂ ತಡೆಯಿಲ್ಲ. ಆಕ್ಟಿವ್‌ಪೀಸಸ್ ಎಂಬ ಮತ್ತೊಂದು ತಂತ್ರಾಂಶದ ಸಮುದಾಯ ಆವೃತ್ತಿಯ ಎಂಐಟಿ ಪರವಾನಗಿಯೂ ಅಷ್ಟೇ ಉದಾರವಾದದ್ದು. ವಿಂಡ್‌ಮಿಲ್ ಎಂಬ ತಂತ್ರಾಂಶ ಬಳಸುವ ಎಜಿಪಿಎಲ್ ಪರವಾನಗಿ ಬೇರೆ ಜಾತಿಯದು: ಮಾರಬಹುದು, ಆದರೆ ತಂತ್ರಾಂಶವನ್ನು ತಿದ್ದಿ ಜಾಲದ ಮೂಲಕ ಇತರರಿಗೆ ಒದಗಿಸಿದರೆ, ತಿದ್ದಿದ ಮೂಲಸಂಕೇತವನ್ನೂ ಆ ಬಳಕೆದಾರರಿಗೆ ಕೊಡಬೇಕಾಗುತ್ತದೆ.

ಇಳಿಸಿಕೊಳ್ಳಲು ಬಾರದ, ಕಂಪನಿಯ ಸರ್ವರಿನಲ್ಲಿಯೇ ಬಳಸಬೇಕಾದ ಝೇಪಿಯರ್‌ನಂಥದು ಶುದ್ಧ ಬಾಡಿಗೆ ಮನೆ. ಅಲ್ಲಿ ನೋಡಬೇಕಾದದ್ದು ಎಣಿಕೆಯ ಕ್ರಮ: ಅದು ಪೂರೈಸಿದ ಪ್ರತಿ ಕ್ರಿಯೆಯನ್ನೂ ಸಾಮಾನ್ಯವಾಗಿ ಒಂದು ‘ಟಾಸ್ಕ್’ ಎಂದು ಎಣಿಸುವುದರಿಂದ, ಬುಕ್ಕಿಂಗಿಗೆ ಮೂರು ಕ್ರಿಯೆಗಳಿದ್ದರೆ 200 ಬುಕ್ಕಿಂಗಿಗೆ 600 ಟಾಸ್ಕ್ ಖರ್ಚಾಗುತ್ತವೆ. ಎನ್‌ಎಯ್ಟ್‌ಎನ್ ಕಂಪನಿ ತಾನೇ ನಡೆಸುವ ಕ್ಲೌಡ್ ಸೇವೆ ವರ್ಕ್‌ಫ್ಲೋದ ಇಡೀ ಓಟವನ್ನು, ಅದರಲ್ಲಿ ಎಷ್ಟೇ ಕ್ರಿಯೆಗಳಿದ್ದರೂ, ಒಂದೆಂದು ಎಣಿಸುತ್ತದೆ.

ಆದ್ದರಿಂದ ‘ಯಾವುದು ಫ್ರೀ’ ಎಂಬುದಕ್ಕೆ ನನ್ನ ಉತ್ತರ: ಮನೆಯೊಳಗೆ ಬಳಸುತ್ತೀರೋ, ಹೊರಗೆ ಮಾರುತ್ತೀರೋ ಎಂಬುದನ್ನು ಮೊದಲು ಹೇಳಿ. ಹೇಳುವವರೆಗೆ ನಾನು ಊಟ ಮಾಡುತ್ತೇನೆ.

ನಿಜವಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ, ಯಾರೂ ಕೇಳುವುದಿಲ್ಲ. “ನೀನು ಕಟ್ಟಿಕೊಟ್ಟದ್ದು ಯಾರದು?” ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಸಾಲಿಗೆ ಸೇರುತ್ತದೆ, ಹೋಮ್‌ಸ್ಟೇ ಬಿಲ್ಲಿಗೆ ಜಿಎಸ್‌ಟಿ ಕೂಡಿಸುವ ಸ್ಕ್ರಿಪ್ಟ್ ಬರೆದ ನಾನೂ ಆ ಲೆಕ್ಕದಲ್ಲಿ ಸಾಹಿತಿ, ಸನ್ಮಾನವೊಂದು ಬಾಕಿ. ತಮಾಷೆ ಅಲ್ಲಿಗೆ ಮುಗಿಯುತ್ತದೆ. ಸಂಬಳದ ನೌಕರನಲ್ಲದ ನನ್ನಂಥವನು ಗುತ್ತಿಗೆಗೆ ಬರೆದುಕೊಟ್ಟದ್ದರ ಮೊದಲ ಒಡೆಯ ಸಾಮಾನ್ಯವಾಗಿ ಬರೆದವನೇ, ದುಡ್ಡು ಕೊಟ್ಟವರಲ್ಲ. ಹಕ್ಕನ್ನು ವರ್ಗಾಯಿಸಲು ಸಹಿ ಇರುವ ಬರಹ ಬೇಕು. ಆ ಬರಹದಲ್ಲಿ ಅವಧಿ ನಮೂದಿಸದಿದ್ದರೆ 19ನೆಯ ಸೆಕ್ಷನ್ ಅದನ್ನು ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸುತ್ತದೆ. ಎನ್‌ಎಯ್ಟ್‌ಎನ್ ಪರವಾನಗಿಯ ಬಗ್ಗೆ ಎದೆ ಬಡಿದುಕೊಳ್ಳುವವರು, ಅದರ ಮೇಲೆ ಕುಳಿತಿರುವ ತಮ್ಮದೇ ವರ್ಕ್‌ಫ್ಲೋಗೆ ಯಾವ ಪರವಾನಗಿಯೂ ಇಲ್ಲದೆ ವರ್ಷಗಟ್ಟಲೆ ವ್ಯಾಪಾರ ನಡೆಸುತ್ತಾರೆ. ನಾನು ಒಳ್ಳೆಯವನು ಎಂಬ ನಂಬಿಕೆಯಿಂದ ಇರಬೇಕು. ನಾನು ಒಳ್ಳೆಯವನೇ, ಆದರೆ ಅದನ್ನು ಎಲ್ಲಿಯೂ ಬರೆದುಕೊಟ್ಟಿರಲಿಲ್ಲ.

ಈಗ ಪ್ರತಿ ಕೆಲಸದ ಜೊತೆ ಒಂದು ಪುಟದ ಹಕ್ಕುಪತ್ರ ಕೊಡುತ್ತೇನೆ. ಬಹುತೇಕರು ಓದದೆ ಸಹಿ ಹಾಕುತ್ತಾರೆ. ಮದುವೆಮನೆಯ ಹಿರಿಯರು ಅದನ್ನು ಬಿಲ್ಲೆಂದು ತಿಳಿದು ರಿಯಾಯಿತಿ ಕೇಳಿದರು. ಪೂರ್ತಿ ಓದಿದವರು ಒಬ್ಬರೇ, ಸಿದ್ದಾಪುರದ ಕಡೆಯ ತೋಟವೊಂದರ ಲೆಕ್ಕ ಬರೆಯುವ ರೈಟರ್. ಮಳೆಯನ್ನು ಇಂಚು-ಸೆಂಟುಗಳಲ್ಲಿ ದಿನವೂ ಬರೆದಿಡುವ ಆ ಮನುಷ್ಯ ಕನ್ನಡಕ ಸರಿಪಡಿಸಿಕೊಂಡು, “ಅವಧಿಯ ಜಾಗ ಖಾಲಿ ಬಿಟ್ಟಿದ್ದೀರಲ್ಲ ಸಾರ್, ಬೇಕೆಂದೇ ಬಿಟ್ಟದ್ದೋ?” ಎಂದು ಕೇಳಿದರು. ಅವರ ಪೆನ್ನನ್ನೇ ತೆಗೆದುಕೊಂಡು ಅಲ್ಲಿಯೇ ತುಂಬಿದೆ.